ಕಡ್ಲಿಗೆ ಹೋದದ್ದು ಎಷ್ಟ್ ಸಲ?

ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಬದಿಯಲ್ಲಿ ಇಪ್ಪು ನಮ್ಮ ಕುಂದಾಪ್ರದವರನ್ನ ಕೇಳಿ ಕಾಣಿ, ಸಣ್ಣದಿಪ್ಪತಿಗೆ ಬೇಸಿಗಿ ರಜಿಯಲ್ಲಿ ಎಂತ ಮಾಡ್ತಿದ್ರಿ ಅಂತ. "ಊರಿಗೆ ಹೋಗಿ ಕಡ್ಲಲ್ಲಿ ಆಡ್ತಿದ್ವಿ" ಅಂಬುದೇ ಎಲ್ಲರ ಉತ್ತರ. ಮೊನ್ನೆ ಅಬ್ಬಿ, ಚಿಕ್ಕಮ್ಮ, ನಾನು ಕೂತು ಬೆರಳು ಮಡಚಿ ಲೆಕ್ಕ ಹಾಕಿದೆವು. 1984ರಿಂದ 1993ರ ತನಕ ಹತ್ತು ಬೇಸಿಗಿ. ಅದರಲ್ಲಿ ಎರಡು ವರ್ಷ ಹೋಪುಕೇ ಆಗ್ಲಿಲ್ಲ, ಒಂದ್ಸಲ ಅಪ್ಪಯ್ಯನಿಗೆ ರಜೆ ಸಿಕ್ಕಲಿಲ್ಲ, ಇನ್ನೊಂದ್ಸಲ ತಮ್ಮನಿಗೆ ಮೈಮೇಲೆ ಅಮ್ಮ ಎದ್ದಿದ್ದು. ಉಳಿದ ಎಂಟು ವರ್ಷದಲ್ಲಿ ವರ್ಷಕ್ಕೆ ಒಂದು ಸಂಜೆ, ಒಂದು ವರ್ಷ ಮಾತ್ರ ಎರಡು. ಒಟ್ಟು ಒಂಬತ್ತು ಸಂಜೆ. ಸಂಜೆಗೆ ಎರಡು ತಾಸು ಅಂತ ಹಿಡಿದ್ರೂ 18 ತಾಸು! ಇಡೀ ಬಾಲ್ಯವೇ ಹೊಯ್ಗಿ ಮೇಲೆ ಕಳೆದ ಹಂಗೆ ನಾವೆಲ್ಲ ಮಾತಾಡೂದು ಈ 18 ತಾಸಿನ ಬಲದ ಮೇಲೆ.

(ನನ್ನ ಭಾಷಿ ಅರ್ಧ ಕುಂದಾಪ್ರ, ಅರ್ಧ ಪೀಣ್ಯ. ಓದಿ ನಗಬೇಡಿ.)

ಉಳಿದ ದಿನ ಎಂತ ಮಾಡ್ತಿದ್ವಿ ಅಂದ್ರೆ, ಹಲಸಿನ ಹಪ್ಪಳ. ಅಮ್ಮಮ್ಮನ ಮನೆ ವಂಡ್ಸೆ ಬದಿ. ಮಳಿಗಾಲಕ್ಕೆ ಮುಂಚೆ ಹಪ್ಪಳ, ಸಂಡಿಗೆ, ಮಾವಿನ ಮಿಡಿ, ಕಟ್ಟಿಗೆ ಎಲ್ಲ ಒಳಗೆ ಸೇರಬೇಕು. ಬೆಂಗಳೂರಿಂದ ಮಗಳು ಬಂದಳು ಅಂದ್ರೆ ಎರಡು ಕೈ ಹೆಚ್ಚಾಯ್ತು ಅಂತಲೇ ಲೆಕ್ಕ. ಅಬ್ಬಿಗೆ ಅದು ರಜೆ ಅಲ್ಲವೇ ಅಲ್ಲ. ಪೀಣ್ಯದಲ್ಲಿ ಗ್ಯಾಸಿನ ಒಲೆ, ವಂಡ್ಸೆಯಲ್ಲಿ ಹೊಗೆಯ ಒಲೆ, ವ್ಯತ್ಯಾಸ ಅಷ್ಟೇ.

ಹಂಗಾದ್ರೆ ಕಡಲು ಅಷ್ಟು ಹತ್ರ ಇದ್ದೂ ದೊಡ್ಡವರು ಎಂತಕ್ಕೆ ಹೋಗ್ತಿರಲಿಲ್ಲ? ಯಾಕಂದ್ರೆ ಕಡಲ ಬದಿಯವರಿಗೆ ಕಡಲು ಆಡುವ ಜಾಗ ಆಗಿರಲೇ ಇಲ್ಲ. ಮೀನುಗಾರರಿಗೆ ಅದು ಅನ್ನದ ಬಟ್ಟಲು, ಮಿಕ್ಕವರಿಗೆ ವರ್ಷಕ್ಕೊಮ್ಮೆಯ ತೀರ್ಥ. ನಮ್ಮಲ್ಲಿ ಆ ದಿನ ಆಸಾಡಿ ಅಮಾಸಿ, ಪಂಚಾಂಗದವರು ಕರ್ಕಾಟಕ ಅಮಾವಾಸ್ಯೆ ಅಂತ್ರ್. ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳಿ, ನಡುವೆ ರಸ್ತೆ. ಅಲ್ಲಿನ ಮಹಾರಾಜಸ್ವಾಮಿ ವರಾಹ ದೇವಸ್ಥಾನದಲ್ಲಿ ಆ ದಿನ ಜಾತ್ರೆ. ಜನ ಮೊದಲು ಕಡ್ಲಲ್ಲಿ ಮುಳುಗಿ, ಆಮೇಲೆ ಹೊಳಿಯಲ್ಲಿ ಮಿಂದು, ದೇವರ ದರ್ಶನಕ್ಕೆ ಹೋಪುದು. ಹೊಸತಾಗಿ ಮದಿ ಆದವರು ಜೋಡಿಯಾಗಿ ಬಪ್ಪುದು. ಮೀನುಗಾರರು ಒಳ್ಳೆ ಮೀನು ಸಿಕ್ಕಲಿ ಅಂತ ಬೇಡ್ಕಂಬುದೂ ಅಲ್ಲೇ. ಉಳ್ಳಾಲದ ಸೋಮೇಶ್ವರದಲ್ಲೂ ಅಮಾವಾಸ್ಯೆಗೆ ಸಮುದ್ರಸ್ನಾನ ಉಂಟು. ಅದು ಮಳಿಗಾಲದ ನಡು, ತೆರಿ ಅಬ್ಬರಿಸುವ ಸಮಯ. ಕುಶಾಲಿಗೆ ಯಾರೂ ಇಳಿಯದ ನೀರಿಗೆ ಆ ಒಂದು ದಿನ ಹೆಂಗ್ಸರೂ ಇಳಿತಿದ್ರು.

ಅಬ್ಬಿ ಇಳಿದದ್ದು 1976ರಲ್ಲಿ, ಮದಿ ಆದ ವರ್ಷ. ಅಪ್ಪಯ್ಯ ರಟ್ಟೆ ಹಿಡಿದುಕೊಂಡಿದ್ರಂತೆ. "ತೆರಿ ಬಂದತಿಗೆ ಕಾಲಡಿ ಹೊಯ್ಗಿ ಜಾರಿತ್ತ್, ನಾನು ಇನ್ನು ಮನಿಗೆ ಹೋಪುಕಿಲ್ಲೆ ಅಂದ್ಕಂಡೆ" ಅಂತ ಈಗಲೂ ಹೇಳ್ತಾಳೆ, ಹೇಳುವಾಗ ನಗ್ತಾಳೆ. ಅದರ ಮುಂದಿನ ವರ್ಷ ಪೀಣ್ಯಕ್ಕೆ ಬಂದದ್ದು.

ಪೀಣ್ಯ ಆಗ ಹೊಸತು. ಕೈಗಾರಿಕಾ ಪ್ರದೇಶ ಅಂತ ಬೆಳೆದದ್ದೇ ಆ ದಶಕದ ಕೊನೆಗೆ. ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ 1950ರ ದಶಕದಿಂದಲೇ ಇದ್ದವು, ಅಲ್ಲಿನ ನೌಕರರಿಗೆ ಎಲ್‌ಟಿಸಿ ಇತ್ತು. ಹಂಗಾಗಿ ನಮ್ಮ ಬೀದಿಯಲ್ಲಿ ಕನ್ಯಾಕುಮಾರಿ, ಪುರಿ ಕಂಡು ಬಂದ ಹೆಂಗ್ಸರು ಅವರ ಮನೆಯವರೇ. ವೈಟ್‌ಫೀಲ್ಡ್ ಕಡೆಯವರಿಗೆ ಕಡಲು ಅಂದ್ರೆ ಮದ್ರಾಸಿನ ಮರೀನಾ. 1964ರಲ್ಲಿ ಬೃಂದಾವನ ಎಕ್ಸ್‌ಪ್ರೆಸ್ ಶುರುವಾದ ಮೇಲೆ ಅದು ಸಲೀಸೂ ಆಯ್ತು. ಪೀಣ್ಯದ ಲೇತ್ ಶೆಡ್ಡಿನಲ್ಲಿ ದುಡಿವ ಅಪ್ಪಯ್ಯನಂಥವರಿಗೆ ಎಲ್‌ಟಿಸಿ ಎಲ್ಲಿಂದ ಬರಬೇಕು? ಅತ್ತೆಮನೆಯೇ ಪ್ರವಾಸ.

ಇಂಗ್ಲೆಂಡಿನ ಲಂಕಾಶೈರ್‌ನಲ್ಲಿ ಹತ್ತಿ ಗಿರಣಿಗಳು ಬೇಸಿಗೆಯಲ್ಲಿ ಒಂದು ವಾರ ಪೂರ್ತಿ ಬಾಗಿಲು ಹಾಕ್ತಿದ್ವಂತೆ. ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲ್ ಅಂಬ ಕಡಲ ಬದಿಗೆ ಹೋಗ್ತಿತ್ತು. ಕಾರ್ಖಾನೆ ಊರಿನವರಿಗೂ ಕಡಲಿಗೂ ಏನೋ ನಂಟು ಉಂಟು ಕಾಣಿ. ಆದ್ರೆ ಅವರು ಅಲ್ಲಿ ಬಾಡಿಗೆ ಕೋಣೆಯಲ್ಲಿ ಉಳಿತಿದ್ರು, ಬಡಿಸುವವರು ಬೇರೆ ಇದ್ರು. ನಮ್ಮ ಅಬ್ಬಿಯಂದಿರಿಗೆ ಆ ಭಾಗ್ಯ ಇರಲಿಲ್ಲ.

ಪ್ರಯಾಣ ಅಂದ್ರೆ ರಾತ್ರಿ ಬಸ್ಸು. ಕರಾವಳಿಯ ಬಸ್ಸೆಲ್ಲ ತುಮಕೂರು ರಸ್ತೆಯಲ್ಲೇ ಹೋಪುದು, ಜಾಲಹಳ್ಳಿ ಕ್ರಾಸಿನಲ್ಲಿ ಟ್ರಂಕು, ಚೀಲ ಇಟ್ಟುಕೊಂಡು ನಿಲ್ಲುತ್ತಿದ್ದೆವು. ಹಾಸನ ಮಂಗಳೂರು ಮೀಟರ್‌ಗೇಜ್ ಹಳಿ 1979ರಲ್ಲಿ ಆಗಿತ್ತು. ಎರಡು ಸಲ ಅದರಲ್ಲೂ ಹೋದೆವು, ಸಕಲೇಶಪುರ ದಾಟಿದ ಮೇಲೆ ಘಾಟಿಯಲ್ಲಿ 57 ಸುರಂಗ, ತಮ್ಮ ಒಂದೊಂದಕ್ಕೂ ಕೂಗ್ತಿದ್ದ. ಆದ್ರೆ ಮಂಗಳೂರಿಂದ ಮುಂದೆ ಆಗ ಹಳಿಯೇ ಇರಲಿಲ್ಲ. ಕೊಂಕಣ ರೈಲು ಪೂರ್ತಿ ಆದದ್ದು 1998ರಲ್ಲಿ. ತಮಾಷೆ ಎಂತ ಅಂದ್ರೆ, ಅದು ಪೂರ್ತಿ ಆಪ್ಪತಿಗೆ ಬೆಂಗಳೂರು ಮಂಗಳೂರು ಹಳಿ ಮುಚ್ಚಿತ್ತು! ಬ್ರಾಡ್‌ಗೇಜ್ ಮಾಡುಕೆ ಅಂತ 1996ರಲ್ಲಿ ನಿಲ್ಲಿಸಿದ ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅಮ್ಮಮ್ಮನೇ ಇರಲಿಲ್ಲ.

ಆ ಸಂಜೆಗಳ ಕಥೆಗೆ ಬರ್ತೇನೆ. ಹಪ್ಪಳದ ಕೆಲಸ ಮುಗಿದ ಮೇಲೆ, ಊರು ಬಿಡುಕೆ ಎರಡು ದಿನ ಇಪ್ಪತಿಗೆ, ಅಮ್ಮಮ್ಮನೇ "ಮಕ್ಕಳಿಗೆ ಕಡಲು ತೋರಿಸ್ಕಂಡ್ ಬನ್ನಿ" ಅಂತಿದ್ದದ್ದು. ವಂಡ್ಸೆಯಿಂದ ಹೆಮ್ಮಾಡಿಗೆ ಒಂದು ಬಸ್ಸು, ಅಲ್ಲಿಂದ ತ್ರಾಸಿ ದಾಟಿ ಮರವಂತೆಗೆ ಇನ್ನೊಂದು. ಮಾವಂದಿರು ಪ್ಯಾಂಟು ಮಡಚಿ ನಮ್ಮ ಸಂಗಡ ನೀರಿಗೆ. ಮೊಣಕಾಲಿಂದ ಮೇಲೆ ನೀರು ಬಪ್ಪುಕಾಗ ಅಂಬುದು ಕಾನೂನು. ಅಬ್ಬಿ, ಚಿಕ್ಕಮ್ಮ, ಅತ್ತೆ ಮೂರೂ ಜನ ಹೊಯ್ಗಿ ಮೇಲೆ ಚಪ್ಪಲಿ, ಟವೆಲ್, ಅವಲಕ್ಕಿ ಡಬ್ಬಿ ಕಾಯ್ಕೊಂಡು, ನಮ್ಮ ತಲೆ ಎಣಿಸಿಕೊಂಡು ಕೂಕಣ್ತಿದ್ರು. ಒದ್ದೆ ಸೀರೆಯಲ್ಲಿ ಎರಡು ಬಸ್ಸು ಹತ್ತುಕೆ ಯಾವ ಹೆಂಗ್ಸಿಗೆ ಮನಸ್ಸು ಬತ್ತ್? ಬಟ್ಟೆ ಬದಲಿಸುಕೆ ಒಂದು ಮರೆ ಅಂತ ಅಲ್ಲಿ ಇರಲಿಲ್ಲ. ಅಮಾಸಿಗೆ ಸಾವಿರ ಜನರ ನಡುವೆ ಇಳಿವ ಹೆಂಗ್ಸಿಗೆ ದೇವರ ಹೆಸರಿನ ಮರೆ ಇತ್ತು, ಸುಮ್ಮನೆ ಖುಷಿಗೆ ಇಳಿವವಳಿಗೆ ಯಾವ ಮರೆಯೂ ಇರಲಿಲ್ಲ. ಇದನ್ನ ಲೆಕ್ಕ ಹಾಕುವ ದಿನ ಚಿಕ್ಕಮ್ಮನೇ ಹೇಳಿದ್ದು.

ಎರಡು ಸಂಜೆ ಹೋದೆವು ಅಂದೆನಲ್ಲ, ಅದು 1989. ಆ ಎರಡನೇ ಸಂಜೆ ಅಬ್ಬಿ ನೀರಿಗೆ ಇಳಿದಳು. ಯಾರೂ ಕರೆದದ್ದಲ್ಲ. ಡಬ್ಬಿಯನ್ನ ಚಿಕ್ಕಮ್ಮನ ಮಡಿಲಲ್ಲಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಸೀದಾ ನಡೆದು ಬಂದು ತೆರಿಗೆ ಬೆನ್ನು ಕೊಟ್ಟು ನಿಂತಳು. ಸೊಂಟದ ತನಕ ಒದ್ದೆ. ನಾನು "ಅಬ್ಬಿ, ಕಾನೂನು!" ಅಂತ ಕೂಗಿದ್ದು ನೆನಪುಂಟು. ಬಸ್ಸಿನಲ್ಲಿ ವಂಡ್ಸೆ ತನಕ ನಿಂತೇ ಬಂದಳು, ಸೀಟು ಒದ್ದೆ ಆತ್ತ್ ಅಂತ.

ಈಗ ಮರವಂತೆಯಲ್ಲಿ ಆ ಹೊಯ್ಗಿ ಸುಮಾರು ಕಡೆ ಇಲ್ಲೆ. ಕಡಲು ರಸ್ತೆಯನ್ನೇ ಕೊರಿಯುತ್ತೆ ಅಂತ ದಡದುದ್ದ ಬಂಡೆ ಒಟ್ಟಿದ್ದಾರೆ, ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಕಡಲೊಳಕ್ಕೆ ಚಾಚುವ ಕಲ್ಲಿನ ತಡೆಗಳೂ ಬಂದವು. ಬೇಕಿತ್ತು, ಇಲ್ಲದಿದ್ರೆ ರಸ್ತೆ ಉಳಿತಿರಲಿಲ್ಲ. ರಸ್ತೆಯೂ ಈಗ ಚತುಷ್ಪಥ. ಶನಿವಾರ ಬಂದ್ರೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡಿನ ಮಕ್ಕಳು ಕಾರಿನಲ್ಲಿ ಬಂದು ಫೋಟೋ ತೆಗ್ದು ಹೋತ್ರ್, ಹೆಣ್ಮಕ್ಕಳು ಚಡ್ಡಿ ಹಾಕಿ ಆಡ್ತ್ರ್. ನಮ್ಮ ಕೆಲವರಿಗೆ ಅದು ಕಣ್ಣಿಗೆ ಚುಚ್ಚುತ್ತೆ. ನಂಗೆ ಹೊಟ್ಟೆಕಿಚ್ಚಾಗುತ್ತೆ, ಅಬ್ಬಿಯ ಪರವಾಗಿ.

ಬೆಂಗಳೂರಿಂದ ಪಂಚಗಂಗಾ ರೈಲು ಕುಂದಾಪ್ರ ಹಾದೇ ಕಾರವಾರಕ್ಕೆ ಹೋಗುತ್ತೆ, ರಾತ್ರಿ ಮಲಗಿದ್ರೆ ಬೆಳಿಗ್ಗೆ ಊರು. ಅಬ್ಬಿಯ ಮೊಣಕಾಲಿಗೆ ಬಂಡೆ ಹತ್ತಿ ಇಳಿಯೂದು ಆಗ. ಬಂಡೆ ಇಲ್ಲದೆ ಹೊಯ್ಗಿಯಲ್ಲೇ ನೀರಿಗೆ ಹೋಪಂಥ ಜಾಗ ತ್ರಾಸಿ ಬದಿಯಲ್ಲಿ ಎಲ್ಲಿ ಉಳಿದಿದೆ, ಊರಲ್ಲಿ ಇಪ್ಪುವರು ಒಂದು ಸಂಜೆ ಹೋಗಿ ಕಂಡು ತಿಳಿಸಿ. ಮಳಿ ಬಿಡಲಿ, ನವೆಂಬರಿಗೆ ಟಿಕೇಟು ಮಾಡ್ತೇನೆ. ಚಿಕ್ಕಮ್ಮನೂ ಬತ್ತೆ ಅಂದಿದ್ದಾಳೆ. ಡಬ್ಬಿ ಕಾಯುಕೆ ನಾನಿದ್ದೇನೆ.