ಪುನಃಪ್ರವೇಶ ಪತ್ರವೂ ನಿವಾಸದ ಹಕ್ಕೂ: ಅಮೆರಿಕದ ಚೀನೀ ನಿವಾಸಿಗಳು, ೧೮೮೨–೧೯೦೦

ಅಮೆರಿಕ ಸಂಯುಕ್ತ ಸಂಸ್ಥಾನಗಳು ೧೮೮೨ರಲ್ಲಿ ಚೀನೀ ಕೂಲಿಕಾರರ ಆಗಮನವನ್ನು ನಿಷೇಧಿಸಿದ ಸಂಗತಿ ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಹೊಸದಾಗಿ ಬರಲಿದ್ದವರ ಕಥೆಯಾಗಿ ಮಾತ್ರ ಹೇಳಲ್ಪಡುತ್ತದೆ. ಆಗಲೇ ಅಲ್ಲಿ ನೆಲೆಸಿದ್ದು, ಮದುವೆಗೋ ಮುದಿ ತಂದೆತಾಯಿಗಳನ್ನು ಕಾಣಲೋ ಸ್ವದೇಶಕ್ಕೆ ಹೋಗಿ, ಮತ್ತೆ ಮರಳಬಯಸಿದವನ ಪಾಡು ಬದಿಗೆ ಸರಿಯುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಅವನನ್ನೂ ಅವನ ಹೆಂಡತಿಯನ್ನೂ ಕುರಿತು ವಿಚಾರಿಸುತ್ತೇವೆ.

ಈ ವಿಚಾರ ಕೇವಲ ಹಳೆಯದಲ್ಲ. ೧೯೮೬ರಲ್ಲಿ ಅದೇ ದೇಶದಲ್ಲಿ ಆದ ಶಾಸನದಂತೆ, ವಿವಾಹದ ಮೂಲಕ ನಿವಾಸಾಧಿಕಾರ ಪಡೆದು, ಆ ವೇಳೆಗೆ ವಿವಾಹವಾಗಿ ಎರಡು ವರ್ಷ ತುಂಬದಿರುವ ಪತಿಗೆ ಅಥವಾ ಪತ್ನಿಗೆ ಎರಡು ವರ್ಷಗಳ ಷರತ್ತಿನ ಗ್ರೀನ್ ಕಾರ್ಡು ದೊರೆಯುತ್ತದೆ. ಅದರ ಅವಧಿ ಮುಗಿಯುವುದಕ್ಕೆ ಹಿಂದಿನ ೯೦ ದಿನಗಳಲ್ಲಿ ಷರತ್ತನ್ನು ತೆಗೆಯುವಂತೆ ಅರ್ಜಿ ಹಾಕಬೇಕು. ತೀರ್ಮಾನ ಬರುವವರೆಗೆ ಕೈಯಲ್ಲಿರುವುದು ಅವಧಿ ಮುಗಿದ ಕಾರ್ಡು, ಮತ್ತು ಅದರ ಆಯುಸ್ಸನ್ನು ಬೆಳೆಸುವ ಒಂದು ಸ್ವೀಕೃತಿ ಪತ್ರ. ೨೦೨೩ರ ಜನವರಿಯಲ್ಲಿ ಈ ಬೆಳೆಸುವಿಕೆಯನ್ನು ೪೮ ತಿಂಗಳುಗಳಿಗೆ ಏರಿಸಲಾಯಿತು. ನಮ್ಮ ನಾಡಿನಿಂದ ಹೋಗಿ ನೆಲೆಸಿದ ಮನೆಗಳಲ್ಲಿ, ಊರಿನಿಂದ ಕಾಯಿಲೆಯ ಸುದ್ದಿ ಬಂದಾಗ, ಈ ಕಾಗದವನ್ನು ನಂಬಿ ಹೊರಡಬಹುದೇ ಎಂಬ ಪ್ರಶ್ನೆ ಏಳುವುದುಂಟು. ಸರ್ಕಾರ ತಾನೇ ಬರೆದುಕೊಟ್ಟ ಕಾಗದ ಸರ್ಕಾರವನ್ನು ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆ ಎಂಬುದೇ ಅದರ ಹಿಂದಿರುವ ಪ್ರಶ್ನೆ. ಅದಕ್ಕೆ ಮೊದಲ ಉತ್ತರಗಳು ಸ್ಯಾನ್ ಫ್ರಾನ್ಸಿಸ್ಕೋ ಬಂದರಿನಲ್ಲಿ ಹುಟ್ಟಿದವು.

೧೮೮೦ರ ನವೆಂಬರ್ ೧೭ರಂದು ಚೀನದೊಡನೆ ಆದ ಒಪ್ಪಂದವು ಕೂಲಿಕಾರರ ಆಗಮನವನ್ನು ಮಿತಗೊಳಿಸುವ ಅಧಿಕಾರವನ್ನು ಅಮೆರಿಕಕ್ಕೆ ಕೊಟ್ಟಿತು. ಆದರೆ ಆ ದಿನ ಅಲ್ಲಿದ್ದವರು ಸ್ವೇಚ್ಛೆಯಿಂದ ಹೋಗಿ ಬರಬಹುದೆಂದು ಸ್ಪಷ್ಟವಾಗಿ ಮಾತು ಕೊಟ್ಟಿತ್ತು. ಈ ಮಾತನ್ನು ನಡೆಸಿಕೊಡುವ ಸಾಧನವಾಗಿ ೧೮೮೨ರ ಮೇ ೬ರ ಶಾಸನವು ಪುನಃಪ್ರವೇಶ ಪತ್ರವನ್ನು ಏರ್ಪಡಿಸಿತು. ಹಡಗನ್ನೇರುವ ಕೂಲಿಕಾರನ ಹೆಸರು, ವಯಸ್ಸು, ಕಸುಬು, ಕೊನೆಯ ವಾಸಸ್ಥಳ, ಮೈಮೇಲಿನ ಗುರುತುಗಳು ಇವನ್ನು ಬಂದರಿನ ಸುಂಕಾಧಿಕಾರಿ ದಾಖಲೆಯಲ್ಲಿ ಬರೆದುಕೊಂಡು ಶುಲ್ಕವಿಲ್ಲದೆ ಪತ್ರವನ್ನು ಕೊಡುತ್ತಿದ್ದನು. ಮರಳಿ ಬಂದಾಗ ಅದನ್ನು ಅಧಿಕಾರಿಗೇ ಒಪ್ಪಿಸಬೇಕು. ಒಂದು ಪ್ರಯಾಣಕ್ಕೆ ಒಂದು ಪತ್ರ. ೧೮೮೪ರ ಜುಲೈ ೫ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೂಲಿಕಾರನ ಮರುಪ್ರವೇಶಕ್ಕೆ ಈ ಪತ್ರವೊಂದೇ ಗ್ರಾಹ್ಯವಾದ ಸಾಕ್ಷ್ಯವೆಂದು ವಿಧಿಸಿತು. ಹಕ್ಕಿಗೆ ಸಾಕ್ಷಿಯಾಗಿದ್ದ ಕಾಗದವೇ ಮೆಲ್ಲನೆ ಹಕ್ಕಾಗಿ ಮಾರ್ಪಟ್ಟಿತು.

ಆಗ ಒದಗಿದ ತೊಡಕನ್ನು ಚ್ಯೂ ಹಿಯಾಂಗ್ ಎಂಬಾತನ ಪ್ರಕರಣ ಚೆನ್ನಾಗಿ ತೋರಿಸುತ್ತದೆ. ೧೮೮೧ರ ಜೂನ್‌ನಲ್ಲಿ ಅವನು ಹೊನಲುಲುವಿಗೆ ಹೊರಟಾಗ ಪತ್ರವೆಂಬುದೇ ಇರಲಿಲ್ಲ. ೧೮೮೪ರ ಸೆಪ್ಟೆಂಬರ್‌ನಲ್ಲಿ ಮರಳಿದಾಗ ಪತ್ರವಿಲ್ಲದೆ ಇಳಿಯುವಂತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋವಿನ ಸಂಚಾರಿ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್ ಅವರು ಅವನಿಗೆ ಪ್ರವೇಶವಿಲ್ಲವೆಂದರು. ಸರ್ವೋಚ್ಚ ನ್ಯಾಯಾಲಯ ಅದೇ ವರ್ಷದ ಡಿಸೆಂಬರ್‌ನಲ್ಲಿ ಈ ತೀರ್ಪನ್ನು ತಳ್ಳಿಹಾಕಿತು. ಯಾರೂ ಕೊಡದಿದ್ದ ಪತ್ರವನ್ನು ತೋರಿಸೆಂದು ಕೇಳುವುದು ಅಸಾಧ್ಯವನ್ನು ಕೇಳಿದಂತೆ. ಒಪ್ಪಂದದ ಮಾತನ್ನು ಮುರಿಯುವ ಇಂಗಿತ ಶಾಸನದಲ್ಲಿ ಸ್ಪಷ್ಟವಾಗಿ ಕಾಣದಿರುವಾಗ ಅದನ್ನು ಊಹಿಸಕೂಡದು ಎಂಬುದು ನ್ಯಾಯಮೂರ್ತಿ ಹಾರ್ಲನ್ ಅವರ ವಾದದ ಸಾರ. ಫೀಲ್ಡ್ ಅವರು ಭಿನ್ನಮತವನ್ನು ಬರೆದರು. ಆ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಅದೇ ವರ್ಷ ಅದೇ ಊರಿನಲ್ಲಿ ಹೆಂಡತಿಯ ಪ್ರಶ್ನೆಯೂ ಬಂದಿತು. ಟೂ ಚಿಯಾಂಗ್ ಎಂಬ ಕೂಲಿಕಾರ ಮರಳುವ ಹಕ್ಕನ್ನು ಉಳಿಸಿಕೊಂಡೇ ಚೀನಕ್ಕೆ ಹೋಗಿ, ಅಲ್ಲಿ ಮದುವೆಯಾಗಿ, ಪತ್ನಿ ಆ ಮೋಯ್ ಎಂಬಾಕೆಯನ್ನು ಕರೆದುಕೊಂಡು ಬಂದನು. ಗಂಡ ಇಳಿಯಬಹುದು, ಹೆಂಡತಿ ಇಳಿಯಕೂಡದು ಎಂದಾಯಿತು. ಇದಕ್ಕೆ ಕೊಟ್ಟ ಕಾರಣವನ್ನು ನಾವು ವಿಶೇಷವಾಗಿ ಗಮನಿಸಬೇಕು. ವಿವಾಹದಿಂದ ಆಕೆಗೆ ಗಂಡನ ಅಂತಸ್ತು ಬಂದಿತು, ಆದ್ದರಿಂದ ಆಕೆಯೂ ಕೂಲಿಕಾರಳೇ. ಕೂಲಿಕಾರಳಾದುದರಿಂದ ಆಕೆಗೆ ತನ್ನದೇ ಪತ್ರ ಬೇಕು. ಹಿಂದೆಂದೂ ಅಲ್ಲಿ ವಾಸಿಸದ ಆಕೆಗೆ ಆ ಪತ್ರ ಸಿಗುವಂತಿಲ್ಲ. ಗಂಡನ ಕಡೆಯಿಂದ ಆಕೆಗೆ ಅವನ ನಿಷೇಧ ಬಂದಿತು, ಅವನ ವಿನಾಯಿತಿ ಬರಲಿಲ್ಲ. ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟುವ ವೇಳೆಗೆ ಆಕೆಯನ್ನು ಹಡಗು ಹತ್ತಿಸಿ ಕಳುಹಿಸಿಯಾಗಿತ್ತು. ತೀರ್ಮಾನಿಸಲು ಏನೂ ಉಳಿದಿಲ್ಲವೆಂದು ನ್ಯಾಯಾಲಯ ೧೮೮೫ರಲ್ಲಿ ಮನವಿಯನ್ನು ವಜಾ ಮಾಡಿತು.

ಇಷ್ಟಾದರೂ ಪತ್ರ ಕೈಯಲ್ಲಿದ್ದವನು ನಿಶ್ಚಿಂತನಾಗಿದ್ದನು. ೧೮೮೮ ಅಧ್ಯಕ್ಷ ಚುನಾವಣೆಯ ವರ್ಷ. ಚೀನದೊಡನೆ ಮಾತಾಡಿದ್ದ ಹೊಸ ಒಪ್ಪಂದ ಸ್ಥಿರೀಕರಣವಾಗದೆ ನಿಂತಿತ್ತು. ಅಕ್ಟೋಬರ್ ೧ರಂದು ಅಧ್ಯಕ್ಷ ಕ್ಲೀವ್‌ಲೆಂಡ್ ಅವರ ಅಂಕಿತ ಪಡೆದ ಸ್ಕಾಟ್ ಶಾಸನವು ಅದುವರೆಗೆ ಕೊಟ್ಟಿದ್ದ ಪುನಃಪ್ರವೇಶ ಪತ್ರಗಳನ್ನೆಲ್ಲ ನಿರರ್ಥಕಗೊಳಿಸಿತು. ಪತ್ರ ಪಡೆದು ಹೊರಗಿದ್ದವರು ಸುಮಾರು ೨೦,೦೦೦ ಮಂದಿ. ಅವರಲ್ಲಿ ಸುಮಾರು ೬೦೦ ಮಂದಿ ಆ ದಿನ ನಡುಗಡಲಿನಲ್ಲಿದ್ದರು.

ಅಂಥವರಲ್ಲೊಬ್ಬನು ಚಾಯ್ ಚಾನ್ ಪಿಂಗ್. ೧೮೭೫ರಿಂದ ಕ್ಯಾಲಿಫೋರ್ನಿಯದಲ್ಲಿದ್ದ ಇವನು ೧೮೮೭ರ ಜೂನ್ ೨ರಂದು ಪತ್ರ ಪಡೆದು ಚೀನಕ್ಕೆ ಹೊರಟನು. ಮರಳಲು ೧೮೮೮ರ ಸೆಪ್ಟೆಂಬರ್ ೭ರಂದು ಹಾಂಗ್‌ಕಾಂಗ್‌ನಲ್ಲಿ ಬೆಲ್ಜಿಕ್ ಎಂಬ ಹಡಗನ್ನೇರಿದಾಗ ಅವನ ಕಾಗದದಲ್ಲಿ ಯಾವ ಕುಂದೂ ಇರಲಿಲ್ಲ. ಅಕ್ಟೋಬರ್ ೮ರಂದು ಹಡಗು ಬಂದರನ್ನು ಸೇರಿದಾಗ ಆ ಕಾಗದ ಸತ್ತು ಒಂದು ವಾರವಾಗಿತ್ತು. ೧೮೮೯ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಅವನ ಮನವಿಯನ್ನು ನಿರಾಕರಿಸಿತು. ತೀರ್ಪನ್ನು ಬರೆದವರು ಫೀಲ್ಡ್ ಅವರೇ. ಪರದೇಶೀಯರನ್ನು ಹೊರಗಿಡುವ ಅಧಿಕಾರ ಸಾರ್ವಭೌಮತ್ವದ ಅಂಗ. ಅದನ್ನು ಯಾವ ಒಪ್ಪಂದದಿಂದಲೂ ಪರಭಾರೆ ಮಾಡಲಾಗದು. ಆದ್ದರಿಂದ ಮರಳುವ ಅನುಮತಿಯನ್ನು ಸರ್ಕಾರ ಬೇಕಾದಾಗ ಹಿಂದೆಗೆದುಕೊಳ್ಳಬಹುದು ಎಂಬುದು ಅದರ ನಿಲುವು. ಮಾರಿ ಹಸ್ತಾಂತರಿಸಬಹುದಾದ ಸ್ವತ್ತಿನ ಹಕ್ಕುಗಳು ಒಪ್ಪಂದ ಮುರಿದರೂ ಉಳಿಯುತ್ತವೆ, ವ್ಯಕ್ತಿಗೆ ಮಾತ್ರ ಅಂಟಿದ ಹಕ್ಕುಗಳು ಹಾಗಲ್ಲ ಎಂದೂ ತೀರ್ಪು ಭೇದವೆಣಿಸಿತು. ಕ್ಯಾಲಿಫೋರ್ನಿಯದಲ್ಲಿ ಅವನು ಹೊಲವನ್ನು ಬಿಟ್ಟು ಹೋಗಿದ್ದರೆ ಹೊಲ ಅವನದೇ ಆಗಿ ಉಳಿಯುತ್ತಿತ್ತು, ಅವನು ಮಾತ್ರ ಅಲ್ಲಿ ಕಾಲಿಡುವಂತಿರಲಿಲ್ಲ!

ಸ್ಕಾಟ್ ಶಾಸನ ಚುನಾವಣೆಯ ಕಾವಿನಲ್ಲಿ ಹುಟ್ಟಿದ್ದು, ಆ ಕಾವು ಆರಿದೊಡನೆ ಆರಬಹುದಿತ್ತು ಎಂದು ವಾದಿಸಬಹುದು. ಆದರೆ ತೀರ್ಪು ಹಾಗೆ ಆರುವಂತಹುದಲ್ಲ. ಹಾರ್ಲನ್ ಅವರ ೧೮೮೪ರ ತರ್ಕ ಶಾಸನದ ಅರ್ಥನಿರ್ಣಯಕ್ಕೆ ಸೀಮಿತವಾಗಿತ್ತು. ಶಾಸನವೇ ಬಾಯ್ಬಿಟ್ಟು ಹೇಳಿದಾಗ ಅದಕ್ಕೆ ನಿಲ್ಲುವ ನೆಲೆಯಿರಲಿಲ್ಲ. ನೆಲೆಸಿದವನು ಒಮ್ಮೆ ಗಡಿಯನ್ನು ದಾಟಿದರೆ ಮೊದಲ ಬಾರಿ ಬರುವವನಿಗಿಂತ ಹೆಚ್ಚಿನವನಲ್ಲ ಎಂಬ ಭಾವನೆ ೧೮೮೯ರಿಂದ ಗಟ್ಟಿಯಾಯಿತೆಂದೇ ನಾವು ಅಭಿಪ್ರಾಯಪಡುತ್ತೇವೆ.

ವರ್ತಕರ ಮಾತು ಬೇರೆ. ಅಲ್ಲಿ ಮನೆಮಾಡಿದ್ದ ವರ್ತಕನು ತಾತ್ಕಾಲಿಕವಾಗಿ ಚೀನಕ್ಕೆ ಹೋಗಿ ಬಂದರೆ ಹೊಸಬನಂತೆ ಪ್ರಮಾಣಪತ್ರ ತರಬೇಕಿಲ್ಲವೆಂದು ಲಾವ್ ಔ ಬ್ಯೂ ಪ್ರಕರಣದಲ್ಲಿ, ೧೮೯೨ರಲ್ಲಿ, ನಿರ್ಣಯವಾಯಿತು. ೧೯೦೦ರಲ್ಲಿ ಗ್ಯೂ ಲಿಮ್ ಪ್ರಕರಣದಲ್ಲಿ ವರ್ತಕನ ಹೆಂಡತಿಗೂ ಪ್ರತ್ಯೇಕ ಪತ್ರ ಬೇಡವೆಂದಾಯಿತು. ಆ ಮೋಯ್‌ಗೆ ಯಾವ ನ್ಯಾಯದಿಂದ ಗಂಡನ ಅಂತಸ್ತು ಮುಳುವಾಯಿತೋ ಅದೇ ನ್ಯಾಯ ಈಕೆಗೆ ರಕ್ಷೆಯಾಯಿತು.

ಕೂಲಿಕಾರರಿಗೆ ಬಾಗಿಲು ಸ್ವಲ್ಪ ತೆರೆದುದು ೧೮೯೪ರ ಮಾರ್ಚ್ ೧೭ರ ಒಪ್ಪಂದದಿಂದ. ನೋಂದಣಿಯಾದ ಕೂಲಿಕಾರನು ಹೋಗಿ ಮರಳಬಹುದು. ಆದರೆ ಅವನಿಗೆ ಅಮೆರಿಕದಲ್ಲಿ ಧರ್ಮಪತ್ನಿ, ಮಗು ಅಥವಾ ತಂದೆತಾಯಿ ಇರಬೇಕು, ಇಲ್ಲವೇ ೧,೦೦೦ ಡಾಲರ್ ಬೆಲೆಯ ಸ್ವತ್ತಾಗಲಿ ಅಷ್ಟು ಮೊತ್ತದ ಬರತಕ್ಕ ಸಾಲವಾಗಲಿ ಇರಬೇಕು. ಹೆಂಡತಿಯನ್ನು ಕರೆತರಲು ಬಿಡದ ಕಾನೂನು, ಅಲ್ಲಿ ಹೆಂಡತಿಯಿದ್ದರೆ ಮರಳಬಹುದೆಂದಿತು. ಹೊರಡುವ ಮುನ್ನ ಇವುಗಳ ವಿವರವನ್ನು ಸುಂಕಾಧಿಕಾರಿಗೆ ಬರೆದುಕೊಡಬೇಕಾಗಿತ್ತು. ಮರಳಲು ಒಂದು ವರ್ಷದ ಗಡುವು. ಕಾಯಿಲೆಯೇ ಮೊದಲಾದ ತಪ್ಪಿಸಲಾಗದ ಕಾರಣವಿದ್ದರೆ ಇನ್ನೊಂದು ವರ್ಷ. ಇಂದಿನ ಗ್ರೀನ್ ಕಾರ್ಡಿಗೂ ಒಂದು ವರ್ಷವೇ ಎಲ್ಲೆ. ಅದಕ್ಕೆ ಮೀರಿ ಹೊರಗಿರಬೇಕಾದವರು ಹೊರಡುವ ಮುನ್ನವೇ ಪುನಃಪ್ರವೇಶದ ಬೇರೆ ಪತ್ರಕ್ಕೆ ಅರ್ಜಿ ಹಾಕಬೇಕು. ಒಂದು ಮತ್ತೊಂದರಿಂದ ನೇರವಾಗಿ ಇಳಿದು ಬಂದಿತೆಂದು ನಾವು ಹೇಳುತ್ತಿಲ್ಲ. ೧೮೯೪ರ ಆ ಗಡುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೋಗುವ ಮತ್ತು ಬರುವ ಹಡಗಿನ ದಿನಗಳೂ ಸೇರಿದ್ದವು.