ಲಾರಿ ಚಾಲಕರ ನೆನಪು: ಸಾಗಣೆಯ ಇತಿಹಾಸಕ್ಕೆ ಒಂದು ಆಕರ

ಒಂದು ಊರಿನ ಇತಿಹಾಸ ಬರೆಯಲು ಹೊರಟವರು ಮೊದಲು ಶಾಸನಗಳನ್ನು ಹುಡುಕುತ್ತಾರೆ. ಆಮೇಲೆ ಗೆಜೆಟಿಯರ್ ನೋಡುತ್ತಾರೆ, ತಾಲ್ಲೂಕು ಕಚೇರಿಯ ಕಾಗದಪತ್ರಗಳನ್ನು ತಿರುವಿಹಾಕುತ್ತಾರೆ. ರಾಜರು, ದೇವಸ್ಥಾನಗಳು, ಕಂದಾಯ, ಬರಗಾಲ ಎಲ್ಲವೂ ಅಲ್ಲಿ ಸಿಗುತ್ತವೆ. ಆದರೆ ಆ ಊರಿನ ರೈತ ಬೆಳೆದ ಹತ್ತಿ ಮತ್ತು ಮೆಣಸಿನಕಾಯಿ ಬೆಂಗಳೂರಿಗೋ ಮುಂಬೈಗೋ ಹೇಗೆ ತಲುಪಿದವು, ಅವನ್ನು ಯಾರು ಹೊತ್ತೊಯ್ದರು ಎಂಬ ಪ್ರಶ್ನೆಗೆ ಈ ಆಕರಗಳಲ್ಲಿ ಉತ್ತರ ಸಿಗುವುದು ಕಡಿಮೆ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ತುಂಗಭದ್ರೆಯ ಕಡೆಗಿರುವ, ಹೊಲ, ಕುರಿ ಮತ್ತು ಕಂಬಳಿಗಳ ಊರು ಇದು. ದೊಡ್ಡ ರಸ್ತೆ ಊರ ಮುಂದೆ ಹಾಯ್ದಿಲ್ಲ. ಹಿಂದೆ ಇಂಥ ಊರುಗಳ ಮಾಲು ಚಕ್ಕಡಿಯಲ್ಲಿ ರಾಣೆಬೆನ್ನೂರು ಪೇಟೆಗೆ ಹೋಗುತ್ತಿತ್ತು. ಪೇಟೆಯಲ್ಲಿ ಅಡತಿ ಅಂಗಡಿಗಳ ನಡುವೆ ಒಂದೊಂದು ಕೋಣೆಯ 'ಲಾರಿ ಆಫೀಸು'ಗಳಿರುತ್ತಿದ್ದವು. ಮಾಲು ದೂರದೂರಿಗೆ ಹೊರಡುತ್ತಿದ್ದುದು ಅಲ್ಲಿಂದ. ಅಂಥ ಆಫೀಸುಗಳಲ್ಲಿ ಅನೇಕವು ಈಗ ಇಲ್ಲ. ಸಣ್ಣ ಸಂಸ್ಥೆ ಮುಚ್ಚಿದಾಗ ಅದರ ಲೆಕ್ಕದ ಪುಸ್ತಕಗಳನ್ನು ಯಾವ ಪತ್ರಾಗಾರವೂ ಕೇಳಿ ಪಡೆಯುವುದಿಲ್ಲ, ಅವು ರದ್ದಿಗೆ ಹೋಗುತ್ತವೆ. ಉಳಿಯುವುದು ವಯಸ್ಸಾದ ಲಾರಿ ಚಾಲಕರ ನೆನಪು ಮಾತ್ರ. ಆ ನೆನಪನ್ನು ಇತಿಹಾಸವೆಂದು ನಂಬಬಹುದೇ? ನಂಬುವುದಾದರೆ ಹೇಗೆ ಪರೀಕ್ಷಿಸಬೇಕು? ಈ ಲೇಖನದ ವಿಷಯ ಇದೇ.

ಲಾರಿ ಆಫೀಸು ಎಂದರೇನು?

ಒಂದು ಮೇಜು, ಒಂದು ಬೆಂಚು, ತೂಕದ ಕಾಟಾ, ರಬ್ಬರ್ ಮೊಹರು, ಅನುಕೂಲವಿದ್ದರೆ ಒಂದು ಟೆಲಿಫೋನ್. ಲಾರಿ ಆಫೀಸಿನ ಸಾಮಗ್ರಿ ಇಷ್ಟೇ. ಅದರ ಮುಖ್ಯ ಕಾಗದ ಲಾರಿ ರಸೀದಿ. ಕಳಿಸುವವರ ಹೆಸರು, ಪಡೆಯುವವರ ಹೆಸರು, ಚೀಲಗಳ ಸಂಖ್ಯೆ, ತೂಕ, ಬಾಡಿಗೆ ಕೊಡುವವರು ಯಾರು ಎಂಬ ವಿವರಗಳನ್ನು ಅದರಲ್ಲಿ ಬರೆಯುತ್ತಿದ್ದರು. ವ್ಯಾಪಾರಿ ಆ ರಸೀದಿಯನ್ನು ಬ್ಯಾಂಕಿನ ಮೂಲಕವೋ ಅಂಚೆಯ ಮೂಲಕವೋ ಖರೀದಿದಾರನಿಗೆ ಕಳಿಸುತ್ತಿದ್ದ. ಅದನ್ನು ತೋರಿಸಿದವನಿಗೆ ಮಾಲು ಸಿಗುತ್ತಿತ್ತು.

ಈ ವ್ಯವಹಾರದ ಹಿಂದೆ ಒಂದು ಹಳೆಯ ಕಾಯ್ದೆಯಿತ್ತು. 1865ರ ಕ್ಯಾರಿಯರ್ಸ್ ಕಾಯ್ದೆಯ ಪ್ರಕಾರ, ಬಾಡಿಗೆಗೆ ಮಾಲು ಸಾಗಿಸುವವನ ವಶದಲ್ಲಿ ಮಾಲು ಹಾಳಾದರೆ ಅವನ ನಿರ್ಲಕ್ಷ್ಯವನ್ನು ಮಾಲಿನ ಒಡೆಯ ಸಾಬೀತುಪಡಿಸಬೇಕಾಗಿರಲಿಲ್ಲ. ಜವಾಬ್ದಾರಿ ಸಾಗಿಸುವವನದೇ. ಇದರ ಜಾಗಕ್ಕೆ ಬಂದ ರಸ್ತೆ ಸಾಗಣೆ ಕಾಯ್ದೆ 2007ರದು.

ರೈಲಿದ್ದರೂ ಲಾರಿ ಏಕೆ ಬೇಕಾಯಿತು ಎಂದು ನೀವು ಕೇಳಬಹುದು. ಹುಬ್ಬಳ್ಳಿ–ಹರಿಹರ ರೈಲು ಮಾರ್ಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೂಲಕವೇ ಹೋಗುತ್ತದೆ. ಆದರೆ 1990ರ ದಶಕದವರೆಗೆ ಅದು ಮೀಟರ್ ಗೇಜ್ ಮಾರ್ಗವಾಗಿತ್ತು. ಮುಂಬೈಗೆ ಹೋಗುವ ಮಾಲನ್ನು ದಾರಿಯಲ್ಲಿ ಬ್ರಾಡ್ ಗೇಜ್ ವ್ಯಾಗನ್ನಿಗೆ ಬದಲಿಸಬೇಕಾಗುತ್ತಿತ್ತು. ಬ್ಯಾಡಗಿಯ ಒಣ ಮೆಣಸಿನಕಾಯಿಯಂಥ ಮಾಲಿಗೆ ಪ್ರತಿ ಸಲ ಇಳಿಸಿ ಏರಿಸಿದಾಗಲೂ ನಷ್ಟ. ಲಾರಿಯಾದರೆ ಬ್ಯಾಡಗಿಯಲ್ಲಿ ತುಂಬಿ, ಮೋಟೆಬೆನ್ನೂರಿನ ಬಳಿ ಪುಣೆ–ಬೆಂಗಳೂರು ರಸ್ತೆ ಹಿಡಿದು, ಖರೀದಿದಾರನ ಗೋದಾಮಿನ ಬಾಗಿಲಿಗೇ ಮಾಲು ಮುಟ್ಟಿಸುತ್ತಿತ್ತು. ನಮ್ಮ ಕಡೆ ಜನ ಪಿ.ಬಿ. ರಸ್ತೆ ಎನ್ನುವುದು ಇದನ್ನೇ. ಹಿಂದಿನ ರಾಷ್ಟ್ರೀಯ ಹೆದ್ದಾರಿ 4, ಈಗಿನ 48.

ಕಾಗದದಲ್ಲಿ ಇಲ್ಲದ ಮನುಷ್ಯ

ಲಾರಿ ರಸೀದಿಯಲ್ಲಿ ಕಳಿಸುವವನಿದ್ದಾನೆ, ಪಡೆಯುವವನಿದ್ದಾನೆ, ಲಾರಿಯ ನಂಬರೂ ಇದೆ. ಆದರೆ ಆ ಮಾಲಿನ ಜೊತೆ ರಾತ್ರಿಯಿಡೀ ಎಚ್ಚರವಿದ್ದ ಮನುಷ್ಯನ ಬಗ್ಗೆ ಸಂಸ್ಥೆಯ ಪುಸ್ತಕಗಳಲ್ಲಿ ಸಿಗುವುದು ಬಹಳ ಕಡಿಮೆ. ಇದಕ್ಕೆ ಕಾರಣವಿದೆ. ಎಷ್ಟೋ ಲಾರಿ ಆಫೀಸುಗಳಿಗೆ ಸ್ವಂತ ಲಾರಿಗಳೇ ಇರಲಿಲ್ಲ, ಇದ್ದರೂ ಒಂದೆರಡು. ಆಫೀಸು ಮಾಲು ಹಿಡಿಯುತ್ತಿತ್ತು, ಬೇರೆಯವರ ಲಾರಿಗೆ ಕೊಟ್ಟು ಕಮಿಷನ್ ಇಟ್ಟುಕೊಳ್ಳುತ್ತಿತ್ತು. ಹೀಗಾಗಿ ಚಾಲಕ ಆಫೀಸಿನ ನೌಕರನಲ್ಲ. ಅವನ ಮಾಲೀಕ ಇನ್ನೊಬ್ಬ, ಒಂದು ಲಾರಿಯ ಒಡೆಯ.

ಕಾನೂನು ಈ ಚಾಲಕನನ್ನು ಮರೆತಿರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂಬ ಸಾಮಾನ್ಯ ಮಿತಿಯನ್ನು ಹಾಕಿತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ. 1952ರ ಭವಿಷ್ಯ ನಿಧಿ ಕಾಯ್ದೆಗೆ ಇಪ್ಪತ್ತು ಜನರಾದರೂ ಬೇಕಿತ್ತು. ಒಬ್ಬ ಚಾಲಕ, ಒಬ್ಬ ಕ್ಲೀನರ್ ಇರುವ ಒಂಟಿ ಲಾರಿ ಎರಡರ ಹೊರಗೂ ಉಳಿಯಿತು. ಮೂವತ್ತು ವರ್ಷ ಲಾರಿ ಓಡಿಸಿದವನ ಬಳಿ ಲೈಸೆನ್ಸ್ ಬಿಟ್ಟರೆ ಆ ದುಡಿಮೆಗೆ ಬೇರೆ ದಾಖಲೆ ಇಲ್ಲದಿರುವುದಕ್ಕೆ ಇದೇ ಕಾರಣ. ಅವನ ನೆನಪನ್ನು ನಾವು ಬರೆದಿಟ್ಟುಕೊಳ್ಳದಿದ್ದರೆ ಆ ದುಡಿಮೆಯ ಗುರುತೇ ಉಳಿಯುವುದಿಲ್ಲ.

ವರ್ಷ ಹೇಳದ ನೆನಪಿಗೆ ಕಾಲ ಕಟ್ಟುವುದು

ಹಳೆಯ ಚಾಲಕರನ್ನು ಮಾತನಾಡಿಸುವ ವಿದ್ಯಾರ್ಥಿಗಳಿಗೆ ಮೊದಲು ಎದುರಾಗುವ ತೊಡಕು ಇಸವಿಯದು. ಯಾವ ವರ್ಷ ಎಂದರೆ ಅವರು ಖಚಿತವಾಗಿ ಹೇಳಲಾರರು. ಹೇಳಿದರೂ ಅದು ಅಂದಾಜು. ಆದರೆ ವಸ್ತುಗಳ ವಿಷಯದಲ್ಲಿ ಅವರ ನೆನಪು ಬಹಳ ಚೊಕ್ಕ. ಗಾಡಿಯ ಮುಖ ಹೇಗಿತ್ತು, ಎಲ್ಲಿ ತಡೆದು ನಿಲ್ಲಿಸುತ್ತಿದ್ದರು, ಎಲ್ಲಿ ಊಟ ಮಾಡುತ್ತಿದ್ದರು ಎಂಬುದು ತಪ್ಪುವುದಿಲ್ಲ. ಭೂವಿಜ್ಞಾನಿ ಕಲ್ಲಿನ ಪದರದಲ್ಲಿ ಸಿಕ್ಕ ಪಳೆಯುಳಿಕೆಯಿಂದ ಪದರದ ಕಾಲ ನಿರ್ಧರಿಸುವಂತೆ, ಈ ವಸ್ತುಗಳಿಂದ ನೆನಪಿನ ಕಾಲವನ್ನು ನಿರ್ಧರಿಸಬಹುದು.

ಒಂದು ಉದಾಹರಣೆ ನೋಡಿ. ಚಾಲಕರೊಬ್ಬರು ತಾವು ಕ್ಲೀನರ್ ಆಗಿ ಸೇರಿದ್ದು ಮುಂದೆ ನಕ್ಷತ್ರದ ಗುರುತಿದ್ದ 'ಬೆಂಜ್ ಗಾಡಿ'ಗೆ, ಹುಬ್ಬಳ್ಳಿಯ ಜಕಾತಿ ನಾಕಾದಲ್ಲಿ ಗಾಡಿ ಸರದಿ ನಿಲ್ಲುತ್ತಿತ್ತು ಎಂದು ಹೇಳಿದರೆನ್ನಿ. ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್–ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿದ್ದು 1954ರಲ್ಲಿ. ಆ ಒಪ್ಪಂದ ಮುಗಿದದ್ದು 1969ರಲ್ಲಿ. ಆಮೇಲಿನ ಲಾರಿಗಳ ಮೇಲೆ ಟಾಟಾದ ಗುರುತು ಬಂತು. ಹಾಗೆಂದು ನಕ್ಷತ್ರದ ಲಾರಿಗಳು 1969ರಲ್ಲೇ ಮೂಲೆಗೆ ಸೇರಲಿಲ್ಲ, ಮುಂದೆಯೂ ವರ್ಷಗಟ್ಟಲೆ ಓಡಿದವು. ಆದ್ದರಿಂದ ನಕ್ಷತ್ರ ನಮಗೆ ಹೇಳುವುದು ಒಂದೇ ಮಾತು: ಈ ಘಟನೆ 1954ಕ್ಕಿಂತ ಹಿಂದಿನದಲ್ಲ. ಇನ್ನು ನಾಕಾದ ವಿಷಯ. ಪಟ್ಟಣಕ್ಕೆ ಬರುವ ಮಾಲಿನ ಮೇಲೆ ಪುರಸಭೆಗಳು ಪಡೆಯುತ್ತಿದ್ದ ಜಕಾತಿ ಕರ್ನಾಟಕದಲ್ಲಿ ರದ್ದಾದದ್ದು 1979ರಲ್ಲಿ. ಹಾಗಾಗಿ ಘಟನೆ ಅದಕ್ಕಿಂತ ಈಚಿನದಲ್ಲ. ಎರಡು ಗುರುತುಗಳು ಸೇರಿ 1954 ಮತ್ತು 1979ರ ನಡುವಿನ ಕಾಲವನ್ನು ನಮಗೆ ತೋರಿಸಿಕೊಟ್ಟವು.

ಇಲ್ಲಿಯೂ ಎಚ್ಚರ ಬೇಕು. ಮುಂಬೈಯಲ್ಲಿ ಜಕಾತಿ 2017ರವರೆಗೂ ಇತ್ತು. ಆದ್ದರಿಂದ ನಾಕಾ ಎಂದ ಕೂಡಲೇ ಯಾವ ಊರಿನ ನಾಕಾ ಎಂದು ಕೇಳಲೇಬೇಕು.

ಇಂಥ ಗುರುತುಗಳು ಇನ್ನೂ ಇವೆ. 1974ರ ಮೇ ತಿಂಗಳಲ್ಲಿ ದೇಶದಾದ್ಯಂತ ರೈಲ್ವೆ ಮುಷ್ಕರ ನಡೆಯಿತು. ರೈಲು ನಿಂತಾಗ ಮಾಲೆಲ್ಲ ಲಾರಿಗೆ ಬಂತು ಎಂದು ಯಾರಾದರೂ ನೆನೆದರೆ ತಿಂಗಳೇ ಸಿಕ್ಕಂತೆ. 1939ರ ಮೋಟಾರು ವಾಹನ ಕಾಯ್ದೆಯಂತೆ ಒಂದು ರಾಜ್ಯದ ಪರವಾನಗಿಗೆ ಇನ್ನೊಂದು ರಾಜ್ಯದ ಮೇಲುರುಜು ಬೇಕಾಗುತ್ತಿತ್ತು. ರಾಷ್ಟ್ರೀಯ ಪರವಾನಗಿ ಯೋಜನೆ ಬಂದದ್ದು 1975ರಲ್ಲಿ. 1956ರ ನವೆಂಬರ್ 1ಕ್ಕೆ ಮೊದಲು ರಾಣೆಬೆನ್ನೂರು ಮುಂಬೈ ರಾಜ್ಯದಲ್ಲಿತ್ತು, ಹರಿಹರ ಮೈಸೂರು ರಾಜ್ಯದಲ್ಲಿತ್ತು. ತುಂಗಭದ್ರೆಯ ಸೇತುವೆ ದಾಟಿದರೆ ರಾಜ್ಯವೇ ಬದಲು. ತಂದೆಯ ಕಾಲದಲ್ಲಿ ಹೊಳೆ ದಾಟಲು ಬೇರೆ ಕಾಗದ ಬೇಕಿತ್ತು ಎಂಬ ಮಾತು ಒಂದು ಮನೆಯಲ್ಲಿ ಉಳಿದಿದ್ದರೆ ಅದು ಕಟ್ಟುಕಥೆಯಲ್ಲ, ಏಕೀಕರಣದ ಮುಂಚಿನ ಗಡಿಯ ನೆನಪು. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಕಟ್ಟಿಗೆ ಹೊಡೆದೆ ಎಂದವರ ಮಾತು ಆ ಕಾರ್ಖಾನೆ ಶುರುವಾದ 1972ರ ನಂತರದ್ದೇ ಆಗಿರಬೇಕು.

ಕೈಕಾಲುಗಳ ನೆನಪು

ದೂರದರ್ಶನದ ಕೆಲಸದಲ್ಲಿರುವ ನಮಗೆ ಇನ್ನೊಂದು ಸಂಗತಿ ಕಾಣುತ್ತದೆ. ಚಾಲಕರು ಬಾಯಲ್ಲಿ ಹೇಳುವುದಕ್ಕಿಂತ ಹೆಚ್ಚನ್ನು ಕೈಕಾಲುಗಳಲ್ಲಿ ತೋರಿಸುತ್ತಾರೆ. ಹಳೆಯ ಲಾರಿಗಳ ಗೇರುಪೆಟ್ಟಿಗೆಯಲ್ಲಿ ಹಲ್ಲುಚಕ್ರಗಳ ವೇಗವನ್ನು ತಾನೇ ಸರಿಹೊಂದಿಸುವ ಏರ್ಪಾಡು ಇರಲಿಲ್ಲ. ಗೇರು ಇಳಿಸುವಾಗ ಚಾಲಕ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲಿಗೆ ತರುತ್ತಿದ್ದ. ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕುತ್ತಿದ್ದ. ಎಂಜಿನ್ನಿನ ಸದ್ದು ಕೇಳಿಯೇ ವೇಗ ಕೂಡಿತೋ ಇಲ್ಲವೋ ಎಂದು ತಿಳಿಯಬೇಕಾಗಿತ್ತು. ತಪ್ಪಿದರೆ ಹಲ್ಲುಗಳು ಕರಕರ ಎನ್ನುತ್ತಿದ್ದವು. ಪವರ್ ಸ್ಟೀರಿಂಗ್ ಇಲ್ಲದ ಚಕ್ರವನ್ನು ತಿರುಗಿಸಲು ಭುಜದ ಬಲ ಬೇಕಿತ್ತು.

ಮಾಲು ಕಟ್ಟುವುದೂ ಒಂದು ವಿದ್ಯೆ. ಒಣ ಮೆಣಸಿನಕಾಯಿಗೆ ಗಾತ್ರ ಹೆಚ್ಚು, ತೂಕ ಕಡಿಮೆ. ಲಾರಿ ಹೊರುವಷ್ಟು ತೂಕ ಆಗುವ ಮೊದಲೇ ಅದರ ಪೆಟ್ಟಿಗೆ ತುಂಬಿಹೋಗುತ್ತದೆ. ಹೀಗಾಗಿ ಚೀಲಗಳನ್ನು ಎತ್ತರಕ್ಕೆ ಒಟ್ಟಬೇಕು. ಒಟ್ಟಿದಷ್ಟೂ ಗುರುತ್ವ ಕೇಂದ್ರ ಮೇಲೇರಿ, ತಿರುವಿನಲ್ಲಿ ಗಾಡಿ ವಾಲುವ ಭಯ ಹೆಚ್ಚುತ್ತದೆ. ಹಗ್ಗ ಬಿಗಿಯುವ ಬಗೆ, ತಾಡಪತ್ರಿ ಹೊದಿಸುವ ಬಗೆ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಕ್ಲೀನರ್ ಹುಡುಗರು ಅದನ್ನು ಹಮಾಲರಿಂದ, ಚಾಲಕರಿಂದ ನೋಡಿ ಕಲಿತರು. ದಾರಿಯಲ್ಲಿ ಕಾಯಿ ಒಣಗಿ ತೂಕ ಕಡಿಮೆಯಾದರೂ ಮಾಲು ಇಳಿಸುವಲ್ಲಿ ಮೊದಲ ಪ್ರಶ್ನೆ ಎದುರಿಸುವವನು ಚಾಲಕನೇ.

ನೆನಪು ಎಲ್ಲಿ ತಪ್ಪುತ್ತದೆ?

ಹಳೆಯ ಕಾಲದ ಮಾತು ಬಂದಾಗ ಆಗ ಮಾಲೀಕರು ಮನೆಯವರಂತಿದ್ದರು, ಬಾಯಿಮಾತೇ ಸಾಕಾಗಿತ್ತು ಎಂದು ಹೇಳುವುದುಂಟು. ಇದರಲ್ಲಿ ಸತ್ಯವಿದೆ. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದರೆ ಮಾಲೀಕನಿಂದ ಕೈಗಡ ಪಡೆಯುವ ರೂಢಿ ಇಂಥ ಸಣ್ಣ ವ್ಯವಹಾರಗಳಲ್ಲಿ ಸಾಮಾನ್ಯ. ಆದರೆ ಅದೇ ಬಾಯಿಮಾತಿನ ಇನ್ನೊಂದು ಮುಖ ಮೇಲೆ ಹೇಳಿದ್ದು: ಸೇವೆಗೆ ದಾಖಲೆಯಿಲ್ಲ, ನಿವೃತ್ತಿಗೆ ಹಣವಿಲ್ಲ. ಚಾಲಕನ ಮಾತನ್ನು ಅಲ್ಲಗಳೆಯದೆ, ಕಾಯ್ದೆಯ ಪುಟವನ್ನೂ ಪಕ್ಕದಲ್ಲಿಟ್ಟು ಎರಡನ್ನೂ ಓದುವುದು ಇತಿಹಾಸದ ವಿದ್ಯಾರ್ಥಿಯ ಕೆಲಸ.

ಸಂಸ್ಥೆಗಳು ಹೇಗೆ ಬದಲಾದವು ಎಂಬುದಕ್ಕೂ ಕಾಗದದ ನೆರವು ಬೇಕು. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಸಣ್ಣ ಸಾರಿಗೆದಾರರು ಆದ್ಯತೆಯ ಸಾಲಕ್ಕೆ ಅರ್ಹರಾದರು. ಚಾಲಕನೂ ಒಂದು ಲಾರಿಯ ಒಡೆಯನಾಗುವ ದಾರಿ ತೆರೆಯಿತು. ಅದೇ ಬ್ಯಾಂಕುಗಳು ಲಾರಿ ರಸೀದಿಯ ಮೇಲೆ ಹಣ ಕೊಡುವಾಗ ಮಾತ್ರ ಭಾರತೀಯ ಬ್ಯಾಂಕುಗಳ ಸಂಘ ಶಿಫಾರಸು ಮಾಡಿದ ಸಾಗಣೆ ಸಂಸ್ಥೆಗಳನ್ನು ನೆಚ್ಚಿದವು. ಪಟ್ಟಿಯಲ್ಲಿಲ್ಲದ ಸಣ್ಣ ಆಫೀಸಿಗೆ ಇದು ತೊಡಕಾಯಿತು. 1989ರಲ್ಲಿ ಜಾರಿಗೆ ಬಂದ ಹೊಸ ಮೋಟಾರು ವಾಹನ ಕಾಯ್ದೆ ಪರವಾನಗಿಯನ್ನು ಸುಲಭಗೊಳಿಸಿತು, ಲಾರಿಗಳ ನಡುವೆ ಪೈಪೋಟಿಯೂ ಏರಿತು.

ಇದೇ ಸೀಮೆಯಿಂದ ಬೆಳೆದು ನಿಂತ ಸಂಸ್ಥೆಯೂ ಉಂಟು. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಉದ್ಯಮ 1983ರಲ್ಲಿ ವಿಜಯಾನಂದ ರೋಡ್‌ಲೈನ್ಸ್ ಪ್ರೈವೇಟ್ ಲಿಮಿಟೆಡ್ ಆಯಿತು. ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ದೇಶದ ದೊಡ್ಡ ಸಾಗಣೆ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. 2022ರಲ್ಲಿ ಅವರ ಜೀವನ ಚಲನಚಿತ್ರವಾಗಿಯೂ ಬಂತು. ಗೆದ್ದ ಸಂಸ್ಥೆಯ ಕಥೆ ಹೀಗೆ ದಾಖಲಾಗುತ್ತದೆ. ಅದೇ ರಸ್ತೆಯಲ್ಲಿ ಓಡಿ ಮುಚ್ಚಿಹೋದ ಸಣ್ಣ ಆಫೀಸುಗಳ ಕಥೆ ಮತ್ತು ಅವುಗಳ ಮಾಲು ಸಾಗಿಸಿದ ಚಾಲಕರ ಕಥೆ ದಾಖಲಾಗಬೇಕಾದರೆ ಯಾರಾದರೂ ಹೋಗಿ ಕೇಳಬೇಕು.

ನೀವು ಮಾಡಬಹುದಾದ ಕೆಲಸ

ಈಗ ರಸ್ತೆಯ ಚಹರೆ ಬದಲಾಗಿದೆ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಪಿ.ಬಿ. ರಸ್ತೆ ಅಗಲವಾಯಿತು. 2005ರಲ್ಲಿ ಬಂದ ಟಾಟಾ ಏಸ್‌ನಂಥ ಸಣ್ಣ ಗಾಡಿಗಳು ಹಳ್ಳಿಯ ಹೊಲದವರೆಗೂ ಹೋಗುತ್ತವೆ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ರಾಜ್ಯ ಗಡಿಯ ಮಾರಾಟ ತೆರಿಗೆ ತನಿಖಾ ಠಾಣೆಗಳು ತೆರವಾದವು. 2018ರಿಂದ ಮಾಲಿನ ವಿವರ ಇ-ವೇ ಬಿಲ್ ಆಗಿ ಕಂಪ್ಯೂಟರಿನಲ್ಲಿ ದಾಖಲಾಗುತ್ತಿದೆ. ಮುಂದಿನ ಇತಿಹಾಸಕಾರರಿಗೆ ಇಂದಿನ ಸಾಗಣೆಯ ಲೆಕ್ಕ ಸಿಗಬಹುದು. ಆದರೆ ನಕ್ಷತ್ರದ ಗಾಡಿ ಹೊಸದಾಗಿದ್ದಾಗ ಓಡಿಸಿದವರಿಗೆ ಈಗ ಎಂಬತ್ತರ ಆಚೀಚಿನ ವಯಸ್ಸು. ಕೇಳುವುದಕ್ಕೆ ಉಳಿದಿರುವ ಕಾಲ ಕಡಿಮೆ.

ನಿಮ್ಮ ಓಣಿಯಲ್ಲಿ ಅಂಥ ಹಿರಿಯರೊಬ್ಬರು ಇದ್ದರೆ ಒಂದು ನೋಟುಪುಸ್ತಕ ಹಿಡಿದು ಹೋಗಿ. ಅವರ ಒಪ್ಪಿಗೆ ಪಡೆದು, ಅವರು ಹೇಳಿದ ಮಾತನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಎಡಪುಟದಲ್ಲಿ ಅವರು ಹೇಳಿದ್ದು ಇರಲಿ, ಬಲಪುಟದಲ್ಲಿ ನೀವು ಗ್ರಂಥಾಲಯದಲ್ಲಿ ಪರೀಕ್ಷಿಸಿದ್ದು ಇರಲಿ. ಹಳೆಯ ಲೈಸೆನ್ಸ್, ರಸೀದಿ, ಲಾರಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಇದ್ದರೆ ಅದರ ವಿವರ ಗುರುತು ಮಾಡಿಕೊಳ್ಳಿ. ಕಾಗದ ಅವರ ಬಳಿಯೇ ಉಳಿಯಲಿ. ಅದು ಯಾವ ವರ್ಷ ಎಂದು ಮೊದಲೇ ಕೇಳಿ ಅವರನ್ನು ತಬ್ಬಿಬ್ಬು ಮಾಡಬೇಡಿ. 'ಕಾಕಾ, ಆಗ ಗಾಡಿ ಮುಂದ ಯಾವ ಗುರುತಿತ್ತು? ಹುಬ್ಬಳ್ಳಿ ನಾಕಾ ಇತ್ತೇನು?' ಎಂದು ಕೇಳಿ. ವರ್ಷವನ್ನು ಆಮೇಲೆ ನೀವೇ ಲೆಕ್ಕ ಹಾಕಬಹುದು.