ಕೋಲಾರದ ಚಿನ್ನ ಕರಗಿದ ಬಗೆ

ಕೋಲಾರದ ಗಣಿಗಳು 1880ರಿಂದ 2001ರವರೆಗೆ ಕೊಟ್ಟ ಚಿನ್ನ ಸುಮಾರು 800 ಟನ್. ಅದನ್ನು ಅರಸುತ್ತ ಗಣಿಗಾರರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಕೋಲಾರ ಚಿನ್ನದ ಗಣಿಗಳ (ಕೆಜಿಎಫ್) ಚರಿತ್ರೆಯ ಮಾತು ಬಂದಾಗ ಆ ಆಳ, ಆ ಕತ್ತಲೆ, ಶಿವನಸಮುದ್ರದಿಂದ ಬಂದ ವಿದ್ಯುತ್ತು ಇವೇ ಹೆಚ್ಚಾಗಿ ಮುಂದೆ ಬರುತ್ತವೆ. ಆದರೆ ಕಲ್ಲು ನೆಲದ ಮೇಲೆ ಬಂದ ನಂತರವೂ ಅದರೊಳಗಿನ ಚಿನ್ನವನ್ನು ಬಿಡಿಸುವ ಕೆಲಸ ಬಾಕಿ ಇರುತ್ತಿತ್ತು. ಅದಿರು ಬಡವಾಗುತ್ತ ಹೋದಂತೆ ಗಣಿಯ ಲಾಭನಷ್ಟ ಈ ಎರಡನೆಯ ಕೆಲಸವನ್ನೇ ನೆಚ್ಚಿಕೊಂಡಿತು. ಅದು ನಡೆದದ್ದು ಸೈನೈಡ್ ದ್ರಾವಣ ತುಂಬಿದ ತೊಟ್ಟಿಗಳಲ್ಲಿ. ಇಂದು ಪಿಯುಸಿ ವಿದ್ಯಾರ್ಥಿಗಳು ಓದುವ ಅಯಾನು, ಉತ್ಕರ್ಷಣ ಸಂಖ್ಯೆ, ಮೋಲ್ ಎಂಬ ಪಾಠಗಳು ಆ ತೊಟ್ಟಿಗಳ ಪಕ್ಕದಲ್ಲಿ ದಿನದ ಖರ್ಚುವೆಚ್ಚದ ಲೆಕ್ಕವಾಗಿದ್ದವು.

ಮೊದಮೊದಲು ರಸಾಯನಶಾಸ್ತ್ರದ ಹಂಗೇ ಇರಲಿಲ್ಲ. ಟಿಪ್ಪು ಪತನದ ನಂತರ ಮೈಸೂರು ಸೀಮೆಯ ಸರ್ವೇಕ್ಷಣೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಊರಿಗಾಂ, ಮಾರಿಕುಪ್ಪಂ ಸುತ್ತಮುತ್ತ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದುದನ್ನು ದಾಖಲಿಸಿದ. ಹಳೆಯ ಗುಂಡಿಗಳೂ ಅವನ ಕಣ್ಣಿಗೆ ಬಿದ್ದವು. ಚಿನ್ನ ಮಣ್ಣಿಗಿಂತ ಹಲವು ಪಟ್ಟು ಭಾರ; ನೀರು ಮಣ್ಣನ್ನು ಒಯ್ಯುತ್ತದೆ, ಚಿನ್ನ ತಳದಲ್ಲಿ ಉಳಿಯುತ್ತದೆ. ವಾರನ್‌ನ ವರದಿಯನ್ನು ಏಳು ದಶಕಗಳ ನಂತರ ಓದಿದವನು ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದು ನೆಲೆಸಿದ್ದ ಮೈಕೆಲ್ ಲವೆಲ್. ಅವನ ಹೆಸರಿನ ರಸ್ತೆ ಬೆಂಗಳೂರಿನಲ್ಲಿ ಈಗಲೂ ಇದೆ. 1870ರ ದಶಕದಲ್ಲಿ ಅವನು ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದ. ಆದರೆ ಆಳ ಗಣಿಗೆ ಬೇಕಾದ ಬಂಡವಾಳ ಒಬ್ಬನ ಕೈಮೀರಿದ್ದು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ, ಕೆಲವು ವರ್ಷಗಳ ನಿರಾಸೆಯ ನಂತರ, ಚಾಂಪಿಯನ್ ರೀಫ್ ಎಂಬ ಬೆಣಚುಕಲ್ಲಿನ ಎಳೆ ಸಿಕ್ಕಿತು.

ಈ ಎಳೆಯಲ್ಲಿದ್ದ ಚಿನ್ನ ಬಹುಪಾಲು ಶುದ್ಧ ಲೋಹದ ರೂಪದಲ್ಲಿಯೇ ಇತ್ತು. ಹಾಗಾಗಿ ಮೊದಲ ಗಿರಣಿಗಳಿಗೆ ಪಾದರಸ ಸಾಕಾಯಿತು. ಸ್ಟಾಂಪ್ ಮಿಲ್ಲುಗಳ ಭಾರವಾದ ಕಬ್ಬಿಣದ ಒನಕೆಗಳು ಹಗಲೂ ರಾತ್ರಿ ಕಲ್ಲು ಕುಟ್ಟುತ್ತಿದ್ದವು. ನೀರಿನೊಂದಿಗೆ ಹರಿದ ಕಲ್ಲುಪುಡಿ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹಾಯುವಾಗ ಚಿನ್ನದ ಕಣಗಳು ಅದಕ್ಕೆ ಅಂಟಿಕೊಳ್ಳುತ್ತಿದ್ದವು. ಆ ಮುದ್ದೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾದರಸ ಕುದಿದು ಆವಿಯಾಗುತ್ತದೆ, ರಂಧ್ರಗಳಿಂದ ಕೂಡಿದ ಚಿನ್ನ ಉಳಿಯುತ್ತದೆ. ಈ ಕ್ರಮದಲ್ಲಿ ಚಿನ್ನದ ಪರಮಾಣು ಎಲೆಕ್ಟ್ರಾನು ಕಳೆದುಕೊಳ್ಳುವುದೂ ಇಲ್ಲ, ಪಡೆಯುವುದೂ ಇಲ್ಲ. ಅದರ ಉತ್ಕರ್ಷಣ ಸಂಖ್ಯೆ ಮೊದಲಿನಿಂದ ಕೊನೆಯವರೆಗೆ ಸೊನ್ನೆ.

ತೊಂದರೆ ಇದ್ದದ್ದು ಪಾದರಸಕ್ಕೆ ಸಿಗದ ಚಿನ್ನದಲ್ಲಿ. ತೀರ ಸಣ್ಣ ಕಣಗಳು ನೀರಿನಲ್ಲಿ ತೇಲಿಹೋಗುತ್ತಿದ್ದವು. ಗಂಧಕದ ಖನಿಜಗಳು ಸುತ್ತುವರಿದ ಕಣಗಳಿಗೆ ಪಾದರಸ ಹತ್ತುತ್ತಲೇ ಇರಲಿಲ್ಲ. ಗಿರಣಿಯಿಂದ ಹೊರಬಿದ್ದ ನುಣುಪು ಮರಳಿನಲ್ಲಿ ಸಾಕಷ್ಟು ಚಿನ್ನ ಉಳಿದೇ ಇರುತ್ತಿತ್ತು. ಇದು ಕೋಲಾರಕ್ಕೆ ಮಾತ್ರ ಬಂದ ಕಷ್ಟವಾಗಿರಲಿಲ್ಲ. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ್ಯಾಂಡ್‌ನಲ್ಲಿ ಗಣಿಗಳು ಗಂಧಕದ ಅದಿರಿನ ಪದರ ಮುಟ್ಟುತ್ತಲೇ ಮುಚ್ಚುವ ಮಾತು ಕೇಳಿಬಂದಿತ್ತು.

ದಾರಿ ತೋರಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮೂವರು: ರಸಾಯನಜ್ಞ ಜಾನ್ ಸ್ಟೀವರ್ಟ್ ಮ್ಯಾಕ್‌ಆರ್ಥರ್ ಮತ್ತು ವೈದ್ಯ ಸೋದರರಾದ ರಾಬರ್ಟ್ ಹಾಗೂ ವಿಲಿಯಂ ಫಾರೆಸ್ಟ್. 1887ರಲ್ಲಿ ಅವರು ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗುತ್ತದೆ ಎಂಬುದು ಅದಾಗಲೇ ಹಳೆಯ ಸಂಗತಿ. 1840ರಿಂದಲೇ ಇಂಗ್ಲೆಂಡಿನಲ್ಲಿ ಚಿನ್ನದ ನೀರು ಕೊಡುವ ಕಸುಬು ಅದನ್ನು ಬಳಸುತ್ತಿತ್ತು. 1846ರಲ್ಲಿ ಎಲ್ಸ್‌ನರ್ ಎಂಬ ಜರ್ಮನ್ ರಸಾಯನಜ್ಞ ಈ ಕ್ರಿಯೆಗೆ ಗಾಳಿಯ ಆಮ್ಲಜನಕ ಬೇಕೇ ಬೇಕೆಂದು ತೋರಿಸಿದ್ದ. ಗ್ಲಾಸ್ಗೋದವರ ಸಾಧನೆಯೆಂದರೆ, ಬಹಳ ತೆಳುವಾದ ದ್ರಾವಣ ಅದಿರಿನ ಬೇರೆ ಲೋಹಗಳನ್ನು ಅಷ್ಟಾಗಿ ಮುಟ್ಟದೆ ಚಿನ್ನವನ್ನು ಕರಗಿಸುತ್ತದೆ ಎಂದು ಕಂಡುಕೊಂಡದ್ದು, ಕರಗಿದ ಚಿನ್ನವನ್ನು ಸತುವಿನ ಸಿಬಿರುಗಳಿಂದ ಹಿಂದಕ್ಕೆ ಪಡೆದದ್ದು. 1889ರಲ್ಲಿ ನ್ಯೂಜಿಲೆಂಡಿನ ಕರಂಗಹಾಕೆಯಲ್ಲಿ, ಮರುವರ್ಷ ಜೋಹಾನ್ಸ್‌ಬರ್ಗಿನಲ್ಲಿ ಇದು ಬಳಕೆಗೆ ಬಂತು. 19ನೇ ಶತಮಾನ ಮುಗಿಯುವ ಹೊತ್ತಿಗೆ ಕೋಲಾರದ ಗಿರಣಿಗಳ ಬದಿಯಲ್ಲಿಯೂ ಸೈನೈಡ್ ತೊಟ್ಟಿಗಳು ಎದ್ದಿದ್ದವು.

ತೊಟ್ಟಿಗೆ ಹಾಕುತ್ತಿದ್ದ ಬಿಳಿಯ ಪದಾರ್ಥ ಮೊದಲು ಪೊಟ್ಯಾಸಿಯಂ ಸೈನೈಡ್, ಆಮೇಲೆ ಸೋಡಿಯಂ ಸೈನೈಡ್. ಎರಡೂ ಅಡುಗೆ ಉಪ್ಪಿನ ಹಾಗೆಯೇ ಅಯಾನಿಕ ಸಂಯುಕ್ತಗಳು. ಸೋಡಿಯಂ ಪರಮಾಣು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಧನ ಅಯಾನಾಗಿರುತ್ತದೆ. ಒಂದು ಇಂಗಾಲ, ಒಂದು ಸಾರಜನಕ ಕೂಡಿದ ಸೈನೈಡ್ ಗುಂಪು ಒಂದು ಋಣ ಆವೇಶ ಹೊತ್ತಿರುತ್ತದೆ. ಸ್ಫಟಿಕದಲ್ಲಿ ಇವೆರಡು ಸಾಲು ಸಾಲಾಗಿ ಒಂದನ್ನೊಂದು ಸೆಳೆದುಕೊಂಡು ನಿಂತಿರುತ್ತವೆ. ನೀರಿಗೆ ಬಿದ್ದೊಡನೆ ಸೆಳೆತ ಸಡಿಲಗೊಂಡು ಅಯಾನುಗಳು ಬೇರೆಬೇರೆಯಾಗಿ ತಿರುಗಾಡುತ್ತವೆ. ಚಿನ್ನಕ್ಕೆ ಬೇಕಾದದ್ದು ಸೈನೈಡ್ ಅಯಾನು ಮಾತ್ರ. ಜೊತೆಗೆ ಬಂದ ಲೋಹ ಸೋಡಿಯಂ ಆಗಲಿ ಪೊಟ್ಯಾಸಿಯಂ ಆಗಲಿ, ಕ್ರಿಯೆಯಲ್ಲಿ ಅದರ ಪಾಲು ಏನೂ ಇಲ್ಲ.

ಕರಗುವ ಕ್ರಿಯೆಯಲ್ಲಿ ಚಿನ್ನದ ಪ್ರತಿ ಪರಮಾಣು ಒಂದು ಎಲೆಕ್ಟ್ರಾನು ಕಳೆದುಕೊಂಡು ಎರಡು ಸೈನೈಡ್ ಅಯಾನುಗಳ ನಡುವೆ ಸೇರಿಕೊಳ್ಳುತ್ತದೆ. ಹಾಗಾದ ಹೊಸ ಅಯಾನಿನ ಒಟ್ಟು ಆವೇಶ ಋಣ ಒಂದು. ಎರಡು ಸೈನೈಡುಗಳು ತಂದದ್ದು ಋಣ ಎರಡು. ಲೆಕ್ಕ ಸರಿಹೋಗಬೇಕಾದರೆ ಚಿನ್ನದ ಉತ್ಕರ್ಷಣ ಸಂಖ್ಯೆ ಧನ ಒಂದು ಆಗಲೇಬೇಕು. ಚಿನ್ನ ಬಿಟ್ಟ ಎಲೆಕ್ಟ್ರಾನನ್ನು ತೆಗೆದುಕೊಳ್ಳುವವರು ಯಾರಾದರೂ ಬೇಕಲ್ಲ? ಅದು ಆಮ್ಲಜನಕ. ಗಾಳಿಯಲ್ಲಿ ಸೊನ್ನೆಯಾಗಿದ್ದ ಅದರ ಸಂಖ್ಯೆ ಕ್ರಿಯೆಯ ಕೊನೆಗೆ ಋಣ ಎರಡಕ್ಕೆ ಇಳಿಯುತ್ತದೆ. ಆಮ್ಲಜನಕದ ಒಂದು ಅಣುವಿನಲ್ಲಿ ಎರಡು ಪರಮಾಣುಗಳಿವೆ, ಒಂದೊಂದಕ್ಕೂ ಎರಡೆರಡು ಎಲೆಕ್ಟ್ರಾನು. ಆದ್ದರಿಂದ ಒಂದು ಅಣು ನಾಲ್ಕು ಚಿನ್ನದ ಪರಮಾಣುಗಳನ್ನು ಕರಗಿಸಬಲ್ಲದು. ಎಲ್ಸ್‌ನರ್ ಹೆಸರಿನ ಸಮೀಕರಣ ಹೇಳುವುದು ಇಷ್ಟೇ: ನಾಲ್ಕು ಚಿನ್ನ, ಎಂಟು ಸೈನೈಡ್, ಒಂದು ಆಮ್ಲಜನಕ ಅಣು, ಎರಡು ನೀರು.

ಪರಮಾಣುಗಳ ಈ ಲೆಕ್ಕವನ್ನು ತಕ್ಕಡಿಗೆ ಇಳಿಸಲು ಮೋಲ್ ಬೇಕು. 197 ಗ್ರಾಂ ಚಿನ್ನ, 49 ಗ್ರಾಂ ಸೋಡಿಯಂ ಸೈನೈಡ್, 32 ಗ್ರಾಂ ಆಮ್ಲಜನಕ, ಇವು ಮೂರೂ ಒಂದೊಂದು ಮೋಲ್. ಚಿನ್ನದಲ್ಲಿ ಪರಮಾಣುಗಳು, ಸೈನೈಡಿನಲ್ಲಿ ಅಯಾನುಗಳ ಜೋಡಿಗಳು, ಆಮ್ಲಜನಕದಲ್ಲಿ ಅಣುಗಳು ಎಂಬ ಭೇದ ಬಿಟ್ಟರೆ ಎಣಿಕೆ ಒಂದೇ: 6.022ನ್ನು ಹತ್ತರ 23ನೇ ಘಾತದಿಂದ ಗುಣಿಸಿದಷ್ಟು. 1890ರ ದಶಕದ ರಸಾಯನಜ್ಞರು ತುಲ್ಯಭಾರದ ಮೂಲಕ ಇದೇ ಫಲಿತಾಂಶಕ್ಕೆ ಬರುತ್ತಿದ್ದರು. ಈ ದೊಡ್ಡ ಎಣಿಕೆಗೆ ಅವಗಾಡ್ರೋ ಹೆಸರಿಟ್ಟು ಅದನ್ನು ಪ್ರಯೋಗಗಳಿಂದ ಗಟ್ಟಿಗೊಳಿಸಿದವನು ಫ್ರಾನ್ಸಿನ ಜಾನ್ ಪೆರಾಂ, 1909ರಲ್ಲಿ. ಸಮೀಕರಣದ ಪ್ರಕಾರ ಒಂದು ಮೋಲ್ ಚಿನ್ನಕ್ಕೆ ಎರಡು ಮೋಲ್ ಸೈನೈಡ್, ಅಂದರೆ 98 ಗ್ರಾಂ; ಆಮ್ಲಜನಕ ಕಾಲು ಮೋಲ್, 8 ಗ್ರಾಂ. ಟನ್ನಿಗೆ 10 ಗ್ರಾಂ ಚಿನ್ನವಿರುವ ಅದಿರಿಗೆ ಸುಮಾರು 5 ಗ್ರಾಂ ಸೋಡಿಯಂ ಸೈನೈಡ್ ಮತ್ತು 0.4 ಗ್ರಾಂ ಆಮ್ಲಜನಕ ಸಾಲಬೇಕು.

ವಾಸ್ತವ ಹಾಗಿರುವುದಿಲ್ಲ. ತೊಟ್ಟಿಗಳಿಗೆ ಟನ್ನಿಗೆ ನೂರಾರು ಗ್ರಾಂ ಸೈನೈಡ್ ಬೇಕಾಗುತ್ತದೆ. ಅದಿರಿನ ಗಂಧಕ, ತಾಮ್ರ, ಕಬ್ಬಿಣ ಎಲ್ಲವೂ ಸೈನೈಡನ್ನು ತಿನ್ನುತ್ತವೆ. ಅವುಗಳಲ್ಲಿ ಕಬ್ಬಿಣದ ಹಸಿವು ದೊಡ್ಡದು: ದ್ರಾವಣಕ್ಕೆ ಇಳಿದ ಅದರ ಒಂದು ಅಯಾನು ಆರು ಸೈನೈಡ್ ಅಯಾನುಗಳನ್ನು ಹಿಡಿದಿಡುತ್ತದೆ. 56 ಗ್ರಾಂ ಕಬ್ಬಿಣ ಹೀಗೆ ಕಟ್ಟಿಹಾಕುವ ಸೋಡಿಯಂ ಸೈನೈಡ್ 294 ಗ್ರಾಂ, ಸುಮಾರು 590 ಗ್ರಾಂ ಚಿನ್ನವನ್ನು ಕರಗಿಸಬಹುದಾಗಿದ್ದಷ್ಟು. ಗಾಳಿಯದೂ ಇನ್ನೊಂದು ಇಕ್ಕಟ್ಟು. ಸಾಮಾನ್ಯ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಮೇಲಿನ 0.4 ಗ್ರಾಂಗೆ 50 ಲೀಟರ್ ನೀರಿನ ಆಮ್ಲಜನಕ ಪೂರ್ತಿ ಖರ್ಚಾಗುತ್ತದೆ, ಗಂಧಕದ ಖನಿಜಗಳು ಕಬಳಿಸುವುದು ಬೇರೆ. ದುಬಾರಿ ಸೈನೈಡನ್ನು ಎಷ್ಟು ಸುರಿದರೂ ಗಾಳಿ ಸಾಲದಿದ್ದರೆ ಚಿನ್ನ ಕರಗುವುದಿಲ್ಲ. ರಾಡಿಯನ್ನು ಕಲಕುವ, ಅದಕ್ಕೆ ಗಾಳಿ ಊದುವ ಯಂತ್ರಗಳು ಬಂದದ್ದು ಇದಕ್ಕಾಗಿ.

ಸೈನೈಡ್ ವ್ಯಾಪಾರದಲ್ಲಿಯೂ ಮೋಲಿನ ಲೆಕ್ಕ ಹೊಕ್ಕಿತ್ತು. ಪೊಟ್ಯಾಸಿಯಂ ಸೈನೈಡಿನ ಒಂದು ಮೋಲ್ 65 ಗ್ರಾಂ, ಸೋಡಿಯಂನದು 49. ಎರಡರಲ್ಲಿಯೂ ಕೆಲಸಕ್ಕೆ ಬರುವ ಸೈನೈಡ್ ಅಷ್ಟೇ. ನೂರು ಕಿಲೋ ಪೊಟ್ಯಾಸಿಯಂ ಸೈನೈಡ್ ಮಾಡುವ ಕೆಲಸವನ್ನು 75 ಕಿಲೋ ಸೋಡಿಯಂ ಸೈನೈಡ್ ಮಾಡುತ್ತದೆ. ಹಡಗಿನ ಬಾಡಿಗೆಯೂ ಅಷ್ಟು ಕಡಿಮೆ. 1890ರ ದಶಕದಲ್ಲಿ ಕ್ಯಾಸ್ಟ್‌ನರ್ ವಿಧಾನದಿಂದ ಸೋಡಿಯಂ ಸೈನೈಡ್ ಅಗ್ಗವಾಗಿ ತಯಾರಾಗತೊಡಗಿದ ಮೇಲೆ ಗಣಿಗಳು ಅತ್ತ ತಿರುಗಿದವು. ಕೊಳ್ಳುವವರು ಹಳೆಯ ಪದಾರ್ಥಕ್ಕೆ ಹೊಂದಿಕೊಂಡಿದ್ದರಿಂದ ಮಾರುವವರು ಹೊಸದನ್ನು ಶೇಕಡ 130ರಷ್ಟು ಶಕ್ತಿಯದು ಎಂದು ನಮೂದಿಸುತ್ತಿದ್ದರು. ನೂರಕ್ಕೆ ಮೀರಿದ ಶುದ್ಧತೆ ಹೇಗೆ ಸಾಧ್ಯ ಎಂದು ಇಂದಿನವರಿಗೆ ಅನ್ನಿಸಬಹುದು. 65ನ್ನು 49ರಿಂದ ಭಾಗಿಸಿದರೆ ಗುಟ್ಟು ತಿಳಿಯುತ್ತದೆ.

ದ್ರಾವಣದಲ್ಲಿ ಎಷ್ಟು ಸೈನೈಡ್ ಉಳಿದಿದೆ ಎಂದು ಆಗಾಗ ಅಳೆಯಬೇಕಿತ್ತು. ಇಂಥ ಕಾರ್ಖಾನೆಗಳಲ್ಲಿ ಅದಕ್ಕೆ ಬಳಸುತ್ತಿದ್ದದ್ದು ಜರ್ಮನ್ ರಸಾಯನಜ್ಞ ಲೀಬಿಗ್ 1851ರಲ್ಲಿ ಕೊಟ್ಟ ಪರೀಕ್ಷೆ. ಬ್ಯೂರೆಟ್ಟಿನಿಂದ ಸಿಲ್ವರ್ ನೈಟ್ರೇಟ್ ಹನಿಸುತ್ತ ಹೋದರೆ ಬೆಳ್ಳಿಯ ಪ್ರತಿ ಅಯಾನೂ ಎರಡು ಸೈನೈಡುಗಳೊಂದಿಗೆ ಸೇರಿ ಕರಗಿಯೇ ಇರುತ್ತದೆ. ಬಿಡಿ ಸೈನೈಡ್ ಮುಗಿದ ಮರುಹನಿಗೆ ದ್ರಾವಣ ಮಸುಕಾಗುತ್ತದೆ. ಲೀಟರಿಗೆ 13.05 ಗ್ರಾಂ ಸಿಲ್ವರ್ ನೈಟ್ರೇಟ್ ಕರಗಿಸಿಟ್ಟುಕೊಂಡರೆ ಅದರ ಒಂದೊಂದು ಮಿಲಿಲೀಟರೂ ಸರಿಯಾಗಿ 10 ಮಿಲಿಗ್ರಾಂ ಪೊಟ್ಯಾಸಿಯಂ ಸೈನೈಡಿಗೆ ಸಮ. ಪಾಳಿಯಲ್ಲಿದ್ದವರು ಗುಣಾಕಾರ ಮಾಡದೆ ಬ್ಯೂರೆಟ್ಟಿನ ಅಂಕಿಯಿಂದಲೇ ಪ್ರಮಾಣ ಓದಿಕೊಳ್ಳಲೆಂದು ಹೂಡಿದ ಜಾಣ ಏರ್ಪಾಡು ಇದು.

ಕರಗಿದ ಚಿನ್ನವನ್ನು ಮರಳಿ ಪಡೆಯುವುದು ಇಡೀ ಕ್ರಿಯೆಯನ್ನು ಹಿಂದಕ್ಕೆ ತಿರುಗಿಸಿದ ಹಾಗೆ. ಸೋಸಿದ ದ್ರಾವಣ ಸತುವಿನ ಸಿಬಿರು ತುಂಬಿದ ಪೆಟ್ಟಿಗೆಗಳ ಮೂಲಕ ಹರಿಯುತ್ತದೆ. ಸತು ಸೊನ್ನೆಯಿಂದ ಧನ ಎರಡಕ್ಕೆ ಏರುತ್ತದೆ, ಬಿಟ್ಟ ಎರಡು ಎಲೆಕ್ಟ್ರಾನುಗಳನ್ನು ಚಿನ್ನದ ಎರಡು ಅಯಾನುಗಳು ಪಡೆದು ಸೊನ್ನೆಗೆ ಮರಳುತ್ತವೆ. 65 ಗ್ರಾಂ ಸತುವಿಗೆ 394 ಗ್ರಾಂ ಚಿನ್ನ ಎಂಬುದು ಕಾಗದದ ಲೆಕ್ಕ. ಸತು ಅದಕ್ಕಿಂತ ಬಹಳ ಹೆಚ್ಚು ಖರ್ಚಾಗುತ್ತದೆ. ಕರಗಿಸುವಾಗ ಅನಿವಾರ್ಯವಾದ ಆಮ್ಲಜನಕ ಇಲ್ಲಿ ಶತ್ರು, ಏಕೆಂದರೆ ಅದು ಸತುವನ್ನು ವ್ಯರ್ಥ ಮಾಡುತ್ತದೆ, ಬೇರ್ಪಟ್ಟ ಚಿನ್ನವನ್ನು ಮತ್ತೆ ಕರಗಿಸಲೂ ಬಲ್ಲದು. ನಂತರ ಬಂದ ಮೆರಿಲ್–ಕ್ರೋ ವಿಧಾನದಲ್ಲಿ ನಿರ್ವಾತದಿಂದ ದ್ರಾವಣದ ಗಾಳಿಯನ್ನು ಹೀರಿ ತೆಗೆದು ಆಮೇಲೆ ಸತುವಿನ ಪುಡಿ ಹಾಕುತ್ತಾರೆ.

ಜೀವಕ್ಕೆ ಸಂಬಂಧಿಸಿದ ಲೆಕ್ಕ ಸುಣ್ಣದ್ದು. ದ್ರಾವಣ ಕ್ಷಾರೀಯವಾಗಿರುವವರೆಗೆ ಸೈನೈಡ್ ಅಯಾನಾಗಿ ನೀರಿನಲ್ಲಿಯೇ ಇರುತ್ತದೆ. ಆಮ್ಲ ಸೇರಿದರೆ ಅದು ಹೈಡ್ರೋಜನ್ ಸೈನೈಡ್ ಅನಿಲವಾಗಿ ಮೇಲೇಳುತ್ತದೆ. ಉಸಿರಾಡಿದವರಿಗೆ ಸಾವು ಹತ್ತಿರ. ಪಿಎಚ್ 10ಕ್ಕಿಂತ ಮೇಲಿರುವಂತೆ ಸುಣ್ಣ ಹಾಕುವುದು ದುಡ್ಡನ್ನೂ ಆಳುಗಳನ್ನೂ ಕಾಯುವ ಉಪಾಯ. ಆದರೂ ಕೆಜಿಎಫ್ ಕಾರ್ಮಿಕರನ್ನು, ಅವರಲ್ಲಿ ಬಹುಸಂಖ್ಯಾತರಾಗಿದ್ದ ಉತ್ತರ ಆರ್ಕಾಟಿನ ತಮಿಳು ದಲಿತರನ್ನು, ಹೆಚ್ಚು ಬಲಿ ತೆಗೆದುಕೊಂಡದ್ದು ಬೆಣಚುಕಲ್ಲಿನ ದೂಳು. ಅದು ತಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಮದ್ದಿರಲಿಲ್ಲ. 800 ಟನ್ನಿನ ಲೆಕ್ಕ ಬರೆಯುವ ಯಾವ ಚರಿತ್ರೆಯೂ ಆ ಶ್ವಾಸಕೋಶಗಳನ್ನು ಬಿಟ್ಟು ಪೂರ್ಣವಾಗದು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದಿಂದ ಗಣಿಗೆ ಬಂತು. ಪಾಲಾರ್ ನದಿಯ ಬೇತಮಂಗಲದಿಂದ ನೀರು ಬಂತು. ಆರಂಭದ ದಶಕದಲ್ಲಿ ಟನ್ನಿಗೆ 40 ಗ್ರಾಂಗೂ ಹೆಚ್ಚು ಚಿನ್ನವಿದ್ದ ಅದಿರು ಆಮೇಲೆ ಇಳಿಯುತ್ತಲೇ ಹೋಯಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ರೂಪುಗೊಂಡಿತು. ಕೊನೆಯ ವರ್ಷಗಳಲ್ಲಿ ಟನ್ನಿಗೆ ಸಿಗುತ್ತಿದ್ದ ಕೆಲವೇ ಗ್ರಾಂ ಚಿನ್ನ ಅಷ್ಟು ಆಳದಿಂದ ಕಲ್ಲು ಎತ್ತುವ ಖರ್ಚಿಗೆ ಸಾಲದೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಸೈನೈಡ್ ವಿಧಾನ ಈಗಲೂ ನಡೆದಿದೆ.

ಉಳಿದದ್ದು ಸೈನೈಡ್ ದಿಬ್ಬಗಳು, ಮೂರು ಕೋಟಿ ಟನ್ನಿಗೂ ಮಿಕ್ಕ ಹಿಟ್ಟಿನಂಥ ಮರಳು. ಅದರಲ್ಲಿದ್ದ ಸೈನೈಡಿನ ಬಹುಪಾಲು ಬಿಸಿಲು ಗಾಳಿಗೆ ಒಡೆದುಹೋಗುವಂಥದು: ಉತ್ಕರ್ಷಣೆಯಾದಾಗ ಇಂಗಾಲದ ಸಂಖ್ಯೆ ಧನ ಎರಡರಿಂದ ನಾಲ್ಕಕ್ಕೆ ಏರಿ, ಅಷ್ಟು ವಿಷವಲ್ಲದ ಸೈನೇಟ್ ಆಗುತ್ತದೆ. ಗಂಧಕದ ಕಥೆ ಬೇರೆ. ಪೈರೈಟಿನಲ್ಲಿ ಋಣ ಒಂದರಲ್ಲಿರುವ ಅದು ಮಳೆ ಗಾಳಿಯಲ್ಲಿ ಸಲ್ಫೇಟಿನ ಧನ ಆರಕ್ಕೆ ಏರುತ್ತ ಆಮ್ಲವನ್ನು ಹುಟ್ಟಿಸುತ್ತದೆ. ಬೇಸಿಗೆಯ ಗಾಳಿಗೆ ಏಳುವ ದೂಳು ಸುತ್ತಲಿನ ಮನೆಗಳನ್ನು ಇಂದಿಗೂ ಕಾಡುತ್ತಿದೆ. 2024ರಲ್ಲಿ ಈ 13 ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಇರುವ ಆ ಚಿನ್ನಕ್ಕೆ ಸಮೀಕರಣ ಕೇಳುವ ಸೋಡಿಯಂ ಸೈನೈಡ್ ಅರ್ಧ ಗ್ರಾಮಿನೊಳಗೆ. ಖರ್ಚನ್ನು ನಿರ್ಧರಿಸುವುದು ದಿಬ್ಬದ ಕಬ್ಬಿಣ, ಗಂಧಕ ಮತ್ತು ಆಮ್ಲವನ್ನು ತಣಿಸಲು ಬೇಕಾಗುವ ಸುಣ್ಣ.